ನೈತಿಕ ಸಂಸ್ಕೃತಿ: ಕೆಟ್ಟ ಸುದ್ದಿ ತಂದವರಿಗೆ ಏನಾಗುತ್ತದೆ?

ಒಂದು ಕಂಪನಿಯ ನೈತಿಕ ಸಂಸ್ಕೃತಿ ಹೇಗಿದೆ ಎಂದು ತಿಳಿಯಬೇಕಾದರೆ ನಾನು ಕೇಳುವುದು ಒಂದೇ ವಿಷಯ. ಇಲ್ಲಿ ಕಳೆದ ಸಲ "ಇದು ಸರಿ ಇಲ್ಲ" ಎಂದು ಮೇಲಿನವರ ಮುಂದೆ ಬಾಯಿಬಿಟ್ಟು ಹೇಳಿದವರು ಯಾರು? ಅವರು ಈಗ ಎಲ್ಲಿದ್ದಾರೆ? ಅದೇ ಕುರ್ಚಿಯಲ್ಲಿದ್ದಾರಾ, ಮೂಲೆಗೆ ಸರಿಸಿದ್ದಾರಾ, ಇಲ್ಲ ಕೆಲಸವನ್ನೇ ಬಿಟ್ಟು ಹೋದರಾ? ಇದಕ್ಕೆ ಉತ್ತರ ಸಿಕ್ಕರೆ ಕಂಪನಿಯ ವೆಬ್‌ಸೈಟಿನಲ್ಲಿ ಏನು ಬರೆದಿದೆ ಎಂದು ನೋಡುವ ಅಗತ್ಯ ಅಷ್ಟಾಗಿ ಉಳಿಯುವುದಿಲ್ಲ.

ಮೊದಲು ಪದವನ್ನು ಬಿಡಿಸಿ ನೋಡೋಣ. 'ನೀತಿ' ಬಂದದ್ದು ಸಂಸ್ಕೃತದ 'ನೀ' ಎಂಬ ಧಾತುವಿನಿಂದ. ಕರೆದುಕೊಂಡು ಹೋಗು, ಮುನ್ನಡೆಸು ಎಂದು ಅದರ ಅರ್ಥ. 'ನಾಯಕ', 'ನೇತಾರ' ಕೂಡ ಅದೇ ಧಾತುವಿನಿಂದ ಹುಟ್ಟಿದವು. ನಾಯಕನಿಗೂ ನೀತಿಗೂ ಇರುವ ನಂಟು ಪದದೊಳಗೇ ಇದೆ. ಇಂಗ್ಲಿಷಿನ 'ಎಥಿಕ್ಸ್' ಪದದ ಬೇರು ಗ್ರೀಕ್ ಭಾಷೆಯ 'ಈಥೊಸ್'. ಸ್ವಭಾವ, ರೂಢಿ ಎಂದು ಅದರ ಅರ್ಥ. ಇನ್ನು ಸಂಸ್ಥೆಯ ಸಂಸ್ಕೃತಿ ಎಂದರೆ "ನಮ್ಮಲ್ಲಿ ಹೀಗೇ ಮಾಡೋದು" ಎಂದು ಹಳಬರು ಹೊಸಬರಿಗೆ ಹೇಳುತ್ತಾರಲ್ಲ, ಅದು. ಕೆಲವು ಸಲ ಬಾಯಿಬಿಟ್ಟು ಹೇಳುವುದೂ ಇಲ್ಲ. ಹೊಸಬರು ನೋಡಿ ಕಲಿಯುತ್ತಾರೆ. ಹಾಗಾಗಿ ನೈತಿಕ ಸಂಸ್ಕೃತಿ ಎಂದರೆ, ಸರಿ-ತಪ್ಪಿನ ಪ್ರಶ್ನೆ ಎದುರಾದಾಗ ಒಂದು ಸಂಸ್ಥೆಯ ಜನ ರೂಢಿಯಂತೆ ಯಾವ ಕಡೆ ವಾಲುತ್ತಾರೋ, ಆ ವಾಲುವಿಕೆ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಜೋಡಿ ಪದವೇ ಇದೆ: ನಡೆ-ನುಡಿ. ಕಂಪನಿಯ ನೀತಿಸಂಹಿತೆ, ಗೋಡೆಯ ಮೇಲಿನ ಪೋಸ್ಟರ್, ವರ್ಷಕ್ಕೊಮ್ಮೆ ಮಾಡುವ ಆನ್‌ಲೈನ್ ಟ್ರೈನಿಂಗ್, ಇವೆಲ್ಲ ನುಡಿ. ಯಾರಿಗೆ ಬಡ್ತಿ ಸಿಕ್ಕಿತು, ಯಾರ ತಪ್ಪು ಮುಚ್ಚಿಹೋಯಿತು, ಯಾವ ಮಾತಿಗೆ ಮೀಟಿಂಗಿನಲ್ಲಿ ಎಲ್ಲರೂ ತಲೆ ತಗ್ಗಿಸಿದರು, ಇದು ನಡೆ. ಜನ ಕಲಿಯುವುದು ನಡೆಯಿಂದ.

ನುಡಿ ಎಷ್ಟೇ ಚೆನ್ನಾಗಿದ್ದರೂ ನಡೆ ಅದನ್ನು ಹೇಗೆ ಬದಿಗೆ ತಳ್ಳುತ್ತದೆ ಎಂಬುದಕ್ಕೆ ಅಮೆರಿಕದ ಎನ್ರಾನ್ ಕಂಪನಿಯನ್ನು ನೋಡಬೇಕು. 2000ರಲ್ಲಿ ಅದರ ನೀತಿಸಂಹಿತೆ 64 ಪುಟ ಇತ್ತು. ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಎಂಬ ನಾಲ್ಕು ಮೌಲ್ಯಗಳನ್ನು ಕಂಪನಿ ಸಾರುತ್ತಿತ್ತು. ಲೆಕ್ಕಪತ್ರದ ವಂಚನೆ ಬಯಲಾಗಿ 2001ರ ಡಿಸೆಂಬರ್‌ನಲ್ಲಿ ಅದು ದಿವಾಳಿಯಾಯಿತು. ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಅದಕ್ಕೂ ಮೊದಲಿನ ಒಂದು ಘಟನೆ. ಕಂಪನಿಯ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ ತಾನೇ ನಡೆಸುವ ಪಾಲುದಾರಿಕೆ ಸಂಸ್ಥೆಗಳ ಮೂಲಕ ಎನ್ರಾನ್ ಜೊತೆಗೇ ವ್ಯವಹಾರ ಮಾಡಲು ಹೊರಟಿದ್ದರು. ಇದಕ್ಕೆ ನೀತಿಸಂಹಿತೆಯ ನಿಯಮ ಅಡ್ಡ ಬರುತ್ತಿತ್ತು. 1999ರಲ್ಲಿ ನಿರ್ದೇಶಕ ಮಂಡಳಿಯೇ ಆ ನಿಯಮದಿಂದ ಅವರಿಗೆ ವಿನಾಯಿತಿ ಕೊಟ್ಟಿತು. ಅಂದರೆ ಸಂಹಿತೆಯನ್ನು ಯಾರೂ ಕದ್ದುಮುಚ್ಚಿ ಮುರಿಯಲಿಲ್ಲ. ಮೀಟಿಂಗಿನಲ್ಲಿ ಕೂತು, ಒಪ್ಪಿಗೆ ಕೊಟ್ಟು, ಪಕ್ಕಕ್ಕಿಟ್ಟರು. ದೊಡ್ಡವರಿಗೆ ನಿಯಮ ಸಡಿಲ ಎಂದಾದ ಮೇಲೆ ಉಳಿದವರು ಯಾವ ಪುಟ ಓದಿ ಏನು ಪ್ರಯೋಜನ?

ಕಾನೂನು ಪಾಲನೆಗೂ ನೈತಿಕ ಸಂಸ್ಕೃತಿಗೂ ವ್ಯತ್ಯಾಸ ಇದೆ. ಆಫೀಸುಗಳಲ್ಲಿ ಕಂಪ್ಲಯನ್ಸ್ ಎನ್ನುವುದು ಕಾನೂನು ಏನು ಕೇಳುತ್ತದೋ ಅದನ್ನು ಮಾಡಿದ್ದೇವೆ ಎಂದು ತೋರಿಸುವ ಕೆಲಸ. ಅದು ಬೇಕೇ ಬೇಕು. ಆದರೆ ಕಾನೂನು ಇನ್ನೂ ತಲುಪದ ಜಾಗಗಳು ದಿನವೂ ಎದುರಾಗುತ್ತವೆ. ಅಮೆರಿಕದಲ್ಲಿ ಸಂಸ್ಥೆಗಳಿಗೆ ಶಿಕ್ಷೆ ನಿಗದಿ ಮಾಡುವ ಮಾರ್ಗಸೂಚಿ 1991ರಲ್ಲಿ ಜಾರಿಗೆ ಬಂತು. ಒಳ್ಳೆಯ ಕಂಪ್ಲಯನ್ಸ್ ವ್ಯವಸ್ಥೆ ಇಟ್ಟುಕೊಂಡ ಸಂಸ್ಥೆಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗಬಹುದು ಎಂದಿತು. 2004ರಲ್ಲಿ ಅದನ್ನು ತಿದ್ದಿ, ನೈತಿಕ ನಡವಳಿಕೆಯನ್ನು ಪ್ರೋತ್ಸಾಹಿಸುವ ಸಂಸ್ಕೃತಿಯೂ ಸಂಸ್ಥೆಯಲ್ಲಿ ಇರಬೇಕು ಎಂದು ಸೇರಿಸಿದರು. ಕಾಗದದ ವ್ಯವಸ್ಥೆ ಮಾತ್ರ ಸಾಲದು ಎಂಬುದು ಕಾನೂನಿಗೂ ಗೊತ್ತಾಗಿತ್ತು.

ಈಗ ಟಾರ್ಗೆಟ್ ವಿಷಯಕ್ಕೆ ಬರೋಣ. ನನ್ನ ಪ್ರಕಾರ ನೈತಿಕ ಸಂಸ್ಕೃತಿ ಜಾಸ್ತಿ ಹಾಳಾಗುವುದು ಇಲ್ಲೇ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಒಬ್ಬೊಬ್ಬ ಗ್ರಾಹಕರಿಗೂ ಎಂಟು ಸೇವೆಗಳನ್ನು ಮಾರಬೇಕು ಎಂಬ ಗುರಿ ಇಟ್ಟುಕೊಂಡಿತ್ತು. ಶಾಖೆಗಳಲ್ಲಿದ್ದವರ ಮೇಲೆ ದಿನದಿನವೂ ಒತ್ತಡ. ಗುರಿ ಮುಟ್ಟಲಾಗದೆ ಅವರು ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಿನಲ್ಲಿ ಖಾತೆ ತೆರೆಯತೊಡಗಿದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಕೆಲವು ವರ್ಷಗಳ ಅವಧಿಯಲ್ಲಿ ಸುಮಾರು 5,300 ನೌಕರರನ್ನು ಇದೇ ಕಾರಣಕ್ಕೆ ಕೆಲಸದಿಂದ ತೆಗೆದಾಗಿತ್ತು. 2020ರಲ್ಲಿ ಮತ್ತೆ 300 ಕೋಟಿ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಳ್ಳಬೇಕಾಯಿತು.

5,300 ಎಂಬ ಸಂಖ್ಯೆಯ ಮೇಲೆ ಒಂದು ಕ್ಷಣ ನಿಲ್ಲಿ. ಒಂದೇ ಬ್ಯಾಂಕಿಗೆ ಅಷ್ಟೊಂದು ಕೆಟ್ಟ ಜನ ಹುಡುಕಿಕೊಂಡು ಬಂದರಾ? ಇಲ್ಲ ಅಲ್ವಾ? ಒಬ್ಬರು ತಪ್ಪು ಮಾಡಿದರೆ ಆ ವ್ಯಕ್ತಿಯನ್ನು ನೋಡಬೇಕು. ಸಾವಿರಾರು ಜನ ಒಂದೇ ಬಗೆಯ ತಪ್ಪು ಮಾಡಿದರೆ ಅವರನ್ನು ಅಲ್ಲಿಗೆ ತಳ್ಳಿದ್ದು ಯಾವುದು ಎಂದು ನೋಡಬೇಕು. ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟ ಮೇಲೆ ತಮ್ಮನ್ನು ಕೆಲಸದಿಂದ ತೆಗೆದರು ಎಂದು ಆ ಬ್ಯಾಂಕಿನ ಹಲವು ಮಾಜಿ ನೌಕರರು ಹೇಳಿದ್ದಾರೆ. ಸಹಾಯವಾಣಿ ಇತ್ತು. ಅದನ್ನು ನಂಬಿ ಮಾತಾಡುವ ಧೈರ್ಯಕ್ಕೆ ಬೆಲೆ ಇರಲಿಲ್ಲ.

ಇನ್ನೊಂದು ದಾರಿಯಲ್ಲೂ ಸಂಸ್ಕೃತಿ ಕೆಡುತ್ತದೆ. ಅದು ನಿಧಾನದ ದಾರಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಡಯೇನ್ ವಾಘನ್ 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ದುರಂತಕ್ಕೆ ಕಾರಣವಾದ ರಾಕೆಟ್ಟಿನ ರಬ್ಬರ್ ರಿಂಗುಗಳು ಹಿಂದಿನ ಹಾರಾಟಗಳಲ್ಲೂ ಹಾಳಾಗಿದ್ದವು. ಅದು ನಾಸಾದವರಿಗೆ ಗೊತ್ತಿತ್ತು. ಆದರೆ ಪ್ರತಿ ಸಲವೂ ನೌಕೆ ಸುರಕ್ಷಿತವಾಗಿ ಮರಳಿದ್ದರಿಂದ "ಇಷ್ಟು ಹಾಳಾದರೆ ಪರವಾಗಿಲ್ಲ" ಎಂಬುದೇ ರೂಢಿಯಾಯಿತು. ತಪ್ಪು ದಾರಿಯೇ ಮಾಮೂಲಿ ದಾರಿಯಾಗುವ ಈ ಕ್ರಮವನ್ನು ಅವರು ಗುರುತಿಸಿ ಹೆಸರಿಟ್ಟರು. ಲೆಕ್ಕಪತ್ರದಲ್ಲೂ ಇದು ಹೀಗೇ ನಡೆಯುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರದಲ್ಲಿ ಇದೇ ಮಾತಿದೆ. ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ವರ್ಷ ಕಳೆದಂತೆ ಅದು ಬೆಳೆಯುತ್ತಾ ಹೋಯಿತು ಎಂದು ಅವರು ಬರೆದಿದ್ದರು. ಹುಲಿ ಸವಾರಿ ಮಾಡಿದಂತಾಗಿತ್ತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂದೂ ಹೇಳಿಕೊಂಡಿದ್ದರು.

ಈ ಜಾರುವಿಕೆಗೆ ದಾರಿ ಮಾಡುವುದು ಭಾಷೆ. ಸಂಸ್ಥೆಯೊಳಗೆ "ಸುಳ್ಳು ಲೆಕ್ಕ ಬರೆಯಿರಿ" ಎಂದು ಯಾರೂ ಹೇಳುವುದಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನುತ್ತಾರೆ. "ಈ ಕ್ವಾರ್ಟರ್ ಮುಗಿಯಲಿ, ಆಮೇಲೆ ಸರಿ ಮಾಡೋಣ" ಎನ್ನುತ್ತಾರೆ. "ಎಲ್ಲರೂ ಮಾಡ್ತಾರೆ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಾ" ಎನ್ನುತ್ತಾರೆ. ಮಾತು ಮೆತ್ತಗಾದ ಕೂಡಲೇ ತಪ್ಪಿನ ಮುಖ ಕಾಣದಾಗುತ್ತದೆ. ಆನ್ ಟೆನ್‌ಬ್ರುನ್ಸೆಲ್ ಮತ್ತು ಡೇವಿಡ್ ಮೆಸಿಕ್ ಎಂಬ ವಿದ್ವಾಂಸರು 2004ರಲ್ಲಿ ಇದರ ಬಗ್ಗೆ ಬರೆದರು. ನಿರ್ಧಾರ ಮಾಡುವಾಗ ಅದರ ನೈತಿಕ ಬಣ್ಣ ಮಾಸಿಹೋಗುತ್ತದೆ, ಉಳಿಯುವುದು ಬರೀ ವ್ಯಾಪಾರದ ಪ್ರಶ್ನೆ ಎಂಬುದು ಅವರ ವಾದ. ಅದಕ್ಕೇ ನನ್ನ ಒಂದು ಸಲಹೆ: ಮೀಟಿಂಗಿನಲ್ಲಿ 'ಅಡ್ಜಸ್ಟ್' ಎಂಬ ಪದ ಬಂದರೆ, "ಅಂದರೆ ನಿಜವಾಗಿ ಏನು ಬದಲಾಯಿಸುತ್ತೇವೆ, ಯಾರಿಗೆ ಏನು ಹೇಳುತ್ತೇವೆ?" ಎಂದು ಕೇಳಿ. ಬಿಡಿಸಿ ಹೇಳಬೇಕಾಗಿ ಬಂದಾಗ ಎಷ್ಟೋ ತಪ್ಪು ಕೆಲಸಗಳು ಅಲ್ಲೇ ನಿಲ್ಲುತ್ತವೆ.

ಹಾಗಾದರೆ ಇಂಥ ಸಂಸ್ಕೃತಿಯನ್ನು ಕಟ್ಟುವುದು ಹೇಗೆ? ಮೇಲಿನವರು ಸರಿ ಇದ್ದರೆ ಸಾಕು ಎನ್ನುವವರು ಬಹಳ ಜನ. ಅದು ಅರ್ಧ ನಿಜ. ನೌಕರರಲ್ಲಿ ಹೆಚ್ಚಿನವರಿಗೆ ಸಿಇಒ ಎಂದರೆ ವರ್ಷಕ್ಕೆರಡು ಸಲ ಪರದೆಯ ಮೇಲೆ ಕಾಣುವ ಮುಖ. ದಿನವೂ ಕಾಣುವುದು ತಮ್ಮ ಮ್ಯಾನೇಜರ್. ಅವರು ಖರ್ಚಿನ ಬಿಲ್ ಹೇಗೆ ಹಾಕುತ್ತಾರೆ, ತಮ್ಮ ತಪ್ಪನ್ನು ಕೈಕೆಳಗಿನವರ ಮೇಲೆ ಹಾಕುತ್ತಾರಾ, ಗ್ರಾಹಕರ ಬೆನ್ನ ಹಿಂದೆ ಏನು ಮಾತಾಡುತ್ತಾರೆ, ಸಂಸ್ಥೆಯ ಸಂಸ್ಕೃತಿ ಎಂದರೆ ಬಹುಪಾಲು ಜನರಿಗೆ ಇಷ್ಟೇ. ಆದ್ದರಿಂದ ನಡುವಿನ ಹಂತದ ಮ್ಯಾನೇಜರನ್ನು ಆರಿಸುವುದು ಎಥಿಕ್ಸ್ ಟ್ರೈನಿಂಗಿಗಿಂತ ದೊಡ್ಡ ನೈತಿಕ ನಿರ್ಧಾರ. ಅಂಕಿ ತರುತ್ತಾರೆ, ಆದರೆ ಜನರನ್ನು ತುಳಿಯುತ್ತಾರೆ ಎಂಬಂಥವರಿಗೆ ಬಡ್ತಿ ಕೊಟ್ಟ ದಿನ ಇಡೀ ಆಫೀಸಿಗೆ ಪಾಠ ಆಗಿರುತ್ತದೆ. ಆಮೇಲೆ ಯಾವ ಪೋಸ್ಟರ್ ಹಾಕಿದರೂ ಅಷ್ಟೇ.

ಎರಡನೆಯದು, ಮಾತಾಡುವವರಿಗೆ ರಕ್ಷಣೆ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ ಒಂದು ವಿಚಿತ್ರ ಕಂಡಿತು. ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ಔಷಧಿಯ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆ ತಂಡಗಳು ಜಾಸ್ತಿ ತಪ್ಪು ಮಾಡುತ್ತಿವೆ ಎಂದಲ್ಲ. ಅಲ್ಲಿನವರು ತಪ್ಪನ್ನು ಹೆದರದೆ ಹೇಳುತ್ತಿದ್ದರು ಎಂದು ಅವರಿಗೆ ಆಮೇಲೆ ಹೊಳೆಯಿತು. ಕಂಪನಿಗಳು ಇದನ್ನು ಗಮನಿಸಬೇಕು. "ಈ ವರ್ಷ ನಮ್ಮಲ್ಲಿ ಒಂದೂ ದೂರು ಇಲ್ಲ" ಎಂಬ ವರದಿ ಬಂದರೆ ನನಗೆ ಸಮಾಧಾನ ಆಗುವುದಿಲ್ಲ, ಚಿಂತೆ ಆಗುತ್ತದೆ. ಸಾವಿರಾರು ಜನ ಇರುವ ಕಡೆ ಒಂದೂ ದೂರು ಇಲ್ಲ ಎಂದರೆ ಜನ ಬಾಯಿ ಮುಚ್ಚಿಕೊಂಡಿದ್ದಾರೆ ಎಂದೇ ಅರ್ಥ. ಟೊಯೊಟಾ ಕಾರ್ಖಾನೆಗಳಲ್ಲಿ ಜೋಡಣೆಯ ಸಾಲಿನ ಪಕ್ಕ ಒಂದು ಹಗ್ಗ ಇರುವ ವ್ಯವಸ್ಥೆ ಹೆಸರುವಾಸಿ. ಯಾವ ಕಾರ್ಮಿಕರಾದರೂ ದೋಷ ಕಂಡರೆ ಅದನ್ನು ಎಳೆಯಬಹುದು. ತಂಡದ ಮುಖ್ಯಸ್ಥರು ಬಂದು ನೋಡುತ್ತಾರೆ. ಆಗಲೂ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಹಣಕಾಸು, ಮಾರಾಟ, ಖರೀದಿ ವಿಭಾಗಗಳಲ್ಲಿ ಅಂಥ ಹಗ್ಗ ಎಲ್ಲಿದೆ ಎಂದು ಪ್ರತಿ ಸಂಸ್ಥೆಯೂ ಕೇಳಿಕೊಳ್ಳಬೇಕು.

ಕೆಟ್ಟುಹೋದ ಸಂಸ್ಕೃತಿಯನ್ನು ಮತ್ತೆ ಕಟ್ಟಬಹುದೇ? ಬಹುದು, ಆದರೆ ಅಗ್ಗವಾಗಿ ಅಲ್ಲ. ಜರ್ಮನಿಯ ಸೀಮೆನ್ಸ್ ಕಂಪನಿ ಹಲವು ದೇಶಗಳಲ್ಲಿ ಲಂಚ ಕೊಟ್ಟ ಪ್ರಕರಣ 2006ರಲ್ಲಿ ಹೊರಬಂತು. 2008ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಜರ್ಮನಿಗೆ ಅದು ಒಟ್ಟು ಸುಮಾರು 160 ಕೋಟಿ ಡಾಲರ್ ದಂಡ ಕಟ್ಟಿತು. ಅದಕ್ಕೂ ಮೊದಲೇ, 2007ರಲ್ಲಿ, ಕಂಪನಿ ಮೊದಲ ಬಾರಿಗೆ ಹೊರಗಿನವರನ್ನು ಸಿಇಒ ಮಾಡಿತು. ಗೊತ್ತಿದ್ದದ್ದನ್ನು ಮುಂದೆ ಬಂದು ಹೇಳುವ ನೌಕರರನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದು ಸಾರಿತು. ಗಮನಿಸಿ, ಈ ಮಾಫಿ ಮೇಲಿನ ಹಂತದ ಅಧಿಕಾರಿಗಳಿಗೆ ಇರಲಿಲ್ಲ. ಕೆಳಗಿನವರಿಗೆ ಬಾಯಿ ಬಿಡಲು ದಾರಿ, ಮೇಲಿನವರಿಗೆ ಹೊಣೆ. ಎನ್ರಾನ್ ಮಾಡಿದ್ದರ ತದ್ವಿರುದ್ಧ ಇದು.

ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಬೇರೆಯೇ ಕಷ್ಟ. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಗೆ 1943ರಲ್ಲಿ ರಾಬರ್ಟ್ ವುಡ್ ಜಾನ್ಸನ್ ಒಂದು ಪುಟದ ಧ್ಯೇಯ ಬರೆದುಕೊಟ್ಟರು. ಮೊದಲ ಹೊಣೆ ವೈದ್ಯರು, ದಾದಿಯರು, ಆಸ್ಪತ್ರೆಗಳು, ತಾಯಂದಿರ ಕಡೆಗೆ. ಷೇರುದಾರರು ಕೊನೆಯಲ್ಲಿ. 1970ರ ದಶಕದಲ್ಲಿ ಕಂಪನಿಯ ನಾಯಕ ಜೇಮ್ಸ್ ಬರ್ಕ್ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು, ಇದನ್ನು ಪಾಲಿಸುವುದಾದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಗೋಡೆಯಿಂದ ತೆಗೆದುಬಿಡೋಣ ಎಂದು ವಾದಕ್ಕೆ ಕರೆದರು. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಈ ಕಂಪನಿಯ ಟೈಲೆನಾಲ್ ಎಂಬ ನೋವಿನ ಕ್ಯಾಪ್ಸೂಲುಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ಕಂಪನಿ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ಪಡೆಯಿತು. ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ವಾದ ಮಾಡಿ ಒಪ್ಪಿಕೊಂಡ ಮಾತಾದ್ದರಿಂದ ಆ ಹೊತ್ತಿಗೆ ಅದು ಕೈ ಹಿಡಿಯಿತು ಎಂದು ನಾನು ನಂಬುತ್ತೇನೆ.

2008ರಲ್ಲಿ ಅದೇ ಕಂಪನಿಯ ಒಂದು ಅಂಗಸಂಸ್ಥೆಯಲ್ಲಿ ಮೋಟ್ರಿನ್ ಎಂಬ ನೋವಿನ ಮಾತ್ರೆಗಳು ಸರಿಯಾಗಿ ಕರಗುತ್ತಿಲ್ಲ ಎಂದು ಗೊತ್ತಾಯಿತು. ಈ ಸಲ ವಾಪಸಾತಿಯ ಘೋಷಣೆ ಕೂಡಲೇ ಆಗಲಿಲ್ಲ. 2009ರಲ್ಲಿ ಗುತ್ತಿಗೆಯವರನ್ನು ಅಂಗಡಿಗಳಿಗೆ ಕಳಿಸಿ, ಸಾಮಾನ್ಯ ಗ್ರಾಹಕರಂತೆ ಆ ಮಾತ್ರೆಗಳನ್ನು ಕೊಂಡು ತರಲು ಹೇಳಿದರು. ಅಂಗಡಿಯವರಿಗೆ ಏನೂ ಹೇಳಬಾರದು ಎಂಬ ಸೂಚನೆಯೂ ಇತ್ತು. 2010ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಇದೆಲ್ಲ ಬಯಲಾಯಿತು. ಅಷ್ಟು ಹೊತ್ತಿಗೆ 1982ರಲ್ಲಿ ಆ ಕುರ್ಚಿಗಳಲ್ಲಿ ಕೂತಿದ್ದವರು ಹೋಗಿ ಹೊಸಬರು ಬಂದಿದ್ದರು. ಕೇಂದ್ರ ಕಚೇರಿಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಆ ಒಂದು ಪುಟ ಮಾತ್ರ ಹಾಗೇ ಇತ್ತು.