ಅಡುಗೆಮನೆ ಯಾವುದು ಅಂತ ಕೇಳಿ

ಶನಿವಾರ ಸಂಜೆ ನಮ್ಮ ಆಫೀಸಿನಲ್ಲಿ ಕುರ್ಚಿ ಸಾಲುವುದಿಲ್ಲ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು, ಜೊತೆಗೆ ಒಮ್ಮೆ ದುಬೈ ನೋಡಿ ಬಂದ ಒಬ್ಬ ಭಾವ. ಮೊದಲು ಬಾಯಿ ಬಿಡೋದು ಆ ಭಾವನೇ. "ಸರ, ನಮಗ ಬ್ಯಾರೆ ಏನೂ ಬ್ಯಾಡ್ರಿ. ಹೋಟೆಲ್ ಒಂದು ಹಲಾಲ್ ಇದ್ರ ಸಾಕ್ರಿ."

ಹದಿನೆಂಟು ವರ್ಷದಿಂದ ಹುಬ್ಬಳ್ಳಿಯಲ್ಲಿ ಟಿಕೆಟ್, ವೀಸಾ, ರೂಮು ಮಾಡಿಕೊಡೋದು ನನ್ನ ಕೆಲಸ. ಈ ಮಾತು ಕೇಳಿದಾಗೆಲ್ಲ ಪೆನ್ನು ಕೆಳಗಿಟ್ಟು ಚಹಾ ತರಿಸುತ್ತೇನೆ. ಅಲ್ಲಿಂದ ಮುಂದೆ ಅರ್ಧ ಗಂಟೆ ನನ್ನ ಪಾಠ. ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ.

ಗೊಂದಲದ ಬೇರು ನಮ್ಮ ಭಾಷೆಯಲ್ಲೇ ಇದೆ ಅಂತ ನನ್ನ ಅನುಮಾನ. ನಮ್ಮಲ್ಲಿ ಹೋಟೆಲ್ ಅಂದರೆ ತಿನ್ನೋ ಜಾಗ. ಮಲಗೋ ಜಾಗಕ್ಕೆ ಲಾಡ್ಜ್ ಅಂತೀವಿ. ದುರ್ಗದಬೈಲಿನಲ್ಲಿ ನಿಂತು "ಹೋಟೆಲ್ ಎಲ್ಲೈತ್ರಿ" ಅಂದರೆ ಯಾರೂ ರೂಮು ತೋರಿಸೋದಿಲ್ಲ, ಮಿರ್ಚಿ-ಗಿರ್ಮಿಟ್ ಸಿಗೋ ಕಡೆ ಕೈ ತೋರಿಸುತ್ತಾರೆ. ತಿನ್ನೋ ಜಾಗಕ್ಕೆ ಒಂದು ಅಡುಗೆಮನೆ, ಒಬ್ಬ ಮಾಲೀಕ. ಮಟನ್ ಯಾರ ಅಂಗಡಿಯದ್ದು ಅಂತ ಕೌಂಟರಿನಲ್ಲೇ ಕೇಳಬಹುದು, ಅಲ್ವಾ? ಎಷ್ಟೋ ಸಲ ಕೇಳೋದೂ ಬೇಡ, ಊರಿಗೇ ಗೊತ್ತಿರುತ್ತೆ. ಅದೇ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಬ್ಯಾಂಕಾಕಿಗೋ ಸಿಂಗಾಪುರಕ್ಕೋ ಹೋಗುತ್ತಾರೆ. ಅಲ್ಲಿನ ಹೋಟೆಲ್ ಅಂದರೆ ದೊಡ್ಡ ಲಾಡ್ಜು. ಅದರೊಳಗೆ ಮೂರು ಖಾನಾವಳಿ, ಒಂದು ಬಾರು, ರೂಮಿಗೆ ಊಟ ಕಳಿಸೋ ಇನ್ನೊಂದು ಅಡುಗೆಮನೆ. ಇದರಲ್ಲಿ ಯಾವುದು ಹಲಾಲ್?

ಇದೊಂದನ್ನ ದಯವಿಟ್ಟು ನಿಧಾನವಾಗಿ ಓದಿ. ಊಟದ ಹಲಾಲ್ ಸರ್ಟಿಫಿಕೇಟನ್ನ ಅಡುಗೆಮನೆ ನೋಡಿ ಕೊಡುತ್ತಾರೆ. ಮಲೇಷ್ಯಾದಲ್ಲಿ ಜಾಕಿಮ್ ಅನ್ನೋ ಸರ್ಕಾರಿ ಇಲಾಖೆ, ಸಿಂಗಾಪುರದಲ್ಲಿ ಮುಯಿಸ್ ಅನ್ನೋ ಇಸ್ಲಾಮಿಕ್ ಮಂಡಳಿ, ಥೈಲ್ಯಾಂಡ್‌ನಲ್ಲಿ ಅಲ್ಲಿನ ಕೇಂದ್ರ ಇಸ್ಲಾಮಿಕ್ ಕೌನ್ಸಿಲ್ ಇದನ್ನ ಕೊಡುತ್ತವೆ. ಅದರ ಮೇಲೆ ಯಾವ ರೆಸ್ಟೋರೆಂಟು ಅಥವಾ ಯಾವ ಕಿಚನ್ನು ಅಂತ ಹೆಸರಿರುತ್ತೆ, ಯಾವತ್ತು ಮುಗಿಯುತ್ತೆ ಅಂತ ತಾರೀಖಿರುತ್ತೆ. ಅಮರಗೋಳ ಎಪಿಎಂಸಿಯಲ್ಲಿ ಒಂದು ಅಂಗಡಿಗೆ ಲೈಸೆನ್ಸ್ ಇದ್ದರೆ ಇಡೀ ಯಾರ್ಡಿಗೆ ಲೈಸೆನ್ಸ್ ಸಿಕ್ಕಂಗೆ ಆಗುತ್ತಾ? ಇದೂ ಹಾಗೇ. ಮೊದಲ ಮಹಡಿಯ ಮಲಯ್ ರೆಸ್ಟೋರೆಂಟಿಗೆ ಸರ್ಟಿಫಿಕೇಟ್ ಇದ್ದು, ಬೆಳಗಿನ ನಾಷ್ಟಾ ಕೆಳಗಿನ ದೊಡ್ಡ ಕಿಚನ್ನಿನಿಂದ ಬರುತ್ತಿದ್ದರೆ, ನಿಮ್ಮ ನಾಷ್ಟಾಕ್ಕೂ ಆ ಸರ್ಟಿಫಿಕೇಟಿಗೂ ಸಂಬಂಧ ಇಲ್ಲ. ಗೋಡೆಯ ಮೇಲಿನ ಚೌಕಟ್ಟು ನೋಡಿ ಖುಷಿಪಟ್ಟು ಕೆಳಗೆ ಬಂದು ತಿಂದರೆ, ನೀವು ತಿಂದದ್ದು ಬೇರೆ ಒಲೆಯದ್ದು.

ಮೂರು ವರ್ಷದ ಹಿಂದೆ ಗದಗಿನ ಒಂದು ಕುಟುಂಬ ಬ್ಯಾಂಕಾಕಿಗೆ ಹೊರಟಿತು. ಟಿಕೆಟ್ ನನ್ನ ಹತ್ತಿರ ಮಾಡಿಸಿದರು. ರೂಮು ಮಾತ್ರ ಮಗ ಫೋನಿನಲ್ಲಿ ತಾನೇ ಬುಕ್ ಮಾಡಿದ, ಸಾವಿರದ ಇನ್ನೂರು ರೂಪಾಯಿ ಉಳೀತು ಅಂತ. ಆ್ಯಪಿನಲ್ಲಿ ಹೋಟೆಲಿನ ಹೆಸರಿನ ಕೆಳಗೆ ಹಲಾಲ್ ಊಟ ಅಂತ ಹಸಿರು ಟಿಕ್ ಇತ್ತು. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಸರ್ಟಿಫಿಕೇಟ್ ಇದ್ದ ರೆಸ್ಟೋರೆಂಟು ತೆರೆಯೋದು ಸಂಜೆ ಆರಕ್ಕೆ. ಬೆಳಗಿನ ಬಫೆಯಲ್ಲಿ ಹಂದಿಮಾಂಸದ ಬೇಕನ್ನು, ಅದರ ಪಕ್ಕದಲ್ಲೇ ಚಿಕನ್ ಸಾಸೇಜು. ಎರಡಕ್ಕೂ ಸೇರಿ ಒಂದೇ ಚಿಮಟ. ಸೊಸೆ ಆ ಚಿಮಟದ ಫೋಟೊ ತೆಗೆದು ನನಗೆ ಕಳಿಸಿದ್ದಳು. ಸುಮ್ನೆ ಫೋಟೊ, ಒಂದು ಅಕ್ಷರ ಬರೆದಿರಲಿಲ್ಲ. ನಾಲ್ಕು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಳೆದರಂತೆ. ಹೋಟೆಲಿನವರನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಅವರು ಹಲಾಲ್ ಊಟ ಇದೆ ಅಂದಿದ್ದರು, ಇತ್ತು. ಯಾವ ಹೊತ್ತಿಗೆ, ಯಾವ ಒಲೆ ಅಂತ ಇವರು ಕೇಳಿರಲಿಲ್ಲ.

ಚಿಕನ್ ಸಾಸೇಜಿಗೆ ಇನ್ನೊಂದು ಮಾತು ಸೇರಿಸಬೇಕು. ಒಳಗೆ ಕೋಳಿ ಇದ್ದರೂ ಹೊರಗಿನ ಪದರ ಹಂದಿಯ ಕರುಳಿನದ್ದು ಇರಬಹುದು. ಹಾಗೇ ಸಿಂಗಾಪುರ, ಮಲೇಷ್ಯಾದಲ್ಲಿ 'ನೋ ಪೋರ್ಕ್, ನೋ ಲಾರ್ಡ್' ಅಂತ ಬೋರ್ಡು ಕಾಣುತ್ತೆ. ಹಂದಿಮಾಂಸ ಇಲ್ಲ, ಹಂದಿಕೊಬ್ಬು ಇಲ್ಲ ಅಂತ ಅದರ ಅರ್ಥ, ಅಷ್ಟೇ. ಕೋಳಿ ಹೇಗೆ ಕೊಯ್ದರು ಅಂತ ಆ ಬೋರ್ಡು ಹೇಳೋದಿಲ್ಲ. ಸಿಂಗಾಪುರದಲ್ಲಂತೂ ಮುಯಿಸ್ ಒಪ್ಪಿಗೆ ಇಲ್ಲದೆ ಹಲಾಲ್ ಗುರುತು ಹಾಕಿದರೆ ಕಾನೂನಿನ ಪ್ರಕಾರ ಅಪರಾಧ. ಅಂಥ ಊರಿನಲ್ಲಿ ಒಬ್ಬ ಹಲಾಲ್ ಅಂತ ಬರೆಯದೆ ಬರೀ 'ನೋ ಪೋರ್ಕ್' ಅಂತ ಬರೆದಿದ್ದಾನೆ ಅಂದರೆ ಸ್ವಲ್ಪ ಯೋಚನೆ ಮಾಡಿ.

"ಮುಸ್ಲಿಂ ದೇಶ ಅಲ್ರಿ, ಅಲ್ಲಿ ಕೇಳೋದೇನೈತಿ?" ಇದು ಭಾವನ ಎರಡನೇ ಮಾತು. ಐತ್ರಿ, ಕೇಳೋದು ಐತಿ. ಟರ್ಕಿ, ಉಜ್ಬೇಕಿಸ್ತಾನದಲ್ಲಿ ಮದ್ಯ ರಾಜಾರೋಷವಾಗಿ ಮಾರುತ್ತಾರೆ, ರೂಮಿನ ಫ್ರಿಜ್ಜಿನಲ್ಲೂ ಇಟ್ಟಿರುತ್ತಾರೆ. ದುಬೈನ ಕೆಲವು ಹೋಟೆಲ್‌ಗಳಲ್ಲಿ ಲೈಸೆನ್ಸ್ ಪಡೆದು ಹಂದಿಮಾಂಸವನ್ನೂ ಬಡಿಸುತ್ತಾರೆ, ಬೇರೆ ಇಟ್ಟು, ಚೀಟಿ ಹಚ್ಚಿ. ಅಲ್ಲಿಂದ ಕಾರಿನಲ್ಲಿ ಅರ್ಧ-ಮುಕ್ಕಾಲು ಗಂಟೆ ಶಾರ್ಜಾ, ಅಲ್ಲಿ ಮದ್ಯಕ್ಕೆ ನಿಷೇಧ. ಮಕ್ಕಳ ಮುಂದೆ ಬಾರು ಬೇಡ ಅನ್ನೋರಿಗೆ ನಾನು ಶಾರ್ಜಾದಲ್ಲೇ ರೂಮು ಮಾಡಿಕೊಡುತ್ತೇನೆ. ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಬೆಳಿಗ್ಗೆ ದುಬೈ ಕಡೆ ಟ್ರಾಫಿಕ್ ಮಾತ್ರ ಜಾಸ್ತಿ, ಅದನ್ನ ಮುಂಚೆನೇ ಹೇಳಿಬಿಡುತ್ತೇನೆ, ಆಮೇಲೆ ಬೈಸಿಕೊಳ್ಳೋಕೆ ಆಗೋದಿಲ್ಲ. ಮಾಲ್ಡೀವ್ಸ್ ಇನ್ನೂ ಮಜಾ. ಹೊರಗಿನವರು ಮದ್ಯ ತಂದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ಆದರೆ ರೆಸಾರ್ಟ್ ದ್ವೀಪಗಳಲ್ಲಿ ಬಾರು ತೆರೆದೇ ಇರುತ್ತೆ. ಜನ ವಾಸ ಇರೋ ಮಾಫುಶಿಯಂಥ ದ್ವೀಪದ ಗೆಸ್ಟ್‌ಹೌಸಿನಲ್ಲಿ ಇಳಿದರೆ ಮದ್ಯ ಇಲ್ಲ, ಅಜಾನ್ ಕೇಳುತ್ತೆ, ಖರ್ಚೂ ಕಡಿಮೆ. ಹನಿಮೂನ್ ಜೋಡಿಗಳಿಗೆ ಹೇಳಿದರೆ ಮುಖ ಸಪ್ಪಗೆ ಮಾಡುತ್ತಾರೆ. ಅವರಿಗೆ ನೀರಿನ ಮೇಲಿನ ಮರದ ಮನೆಯೇ ಬೇಕು. ಸರಿ ಬಿಡಿ, ವಯಸ್ಸು.

ಹಾಗಾದರೆ ಏನು ಕೇಳಬೇಕು? ನಾನು ಹೋಟೆಲಿಗೆ ಕಳಿಸೋ ಇಮೇಲ್ ನಾಲ್ಕೇ ಸಾಲು. ನಾಷ್ಟಾ ಯಾವ ಅಡುಗೆಮನೆಯಲ್ಲಿ ತಯಾರಾಗುತ್ತೆ? ಆ ಅಡುಗೆಮನೆಗೆ ಯಾರು ಕೊಟ್ಟ ಸರ್ಟಿಫಿಕೇಟ್ ಇದೆ, ಯಾವತ್ತಿನವರೆಗೆ, ಫೋಟೊ ಕಳಿಸಿ. ರೂಮಿಗೆ ತರಿಸೋ ಊಟ ಅಲ್ಲಿಂದಲೇ ಬರುತ್ತಾ? ನಾವು ಬರೋ ಮುಂಚೆ ಫ್ರಿಜ್ಜಿನ ಬಾಟಲಿ ತೆಗೆಸುತ್ತೀರಾ? "ನೀವು ಹಲಾಲಾ?" ಅಂತ ಮಾತ್ರ ಕೇಳಬೇಡಿ. ಫೋನೆತ್ತಿದ ಹುಡುಗ "ಯೆಸ್ ಸರ್" ಅಂತಾನೆ. ಗಿರಾಕಿಗೆ ಇಲ್ಲ ಅನ್ನಬಾರದು ಅಂತ ಅವನಿಗೆ ಕಲಿಸಿರುತ್ತಾರೆ. ಮೇಲ್ ಆದರೆ ಯಾರೋ ಕೂತು ಬರೆಯಬೇಕು, ಬರೆದದ್ದು ನಿಮ್ಮ ಕೈಯಲ್ಲಿ ಉಳಿಯುತ್ತೆ. ಮೇಲನ್ನ ಬುಕಿಂಗ್ ರದ್ದು ಮಾಡಲು ಗಡುವು ಇರುವಾಗಲೇ ಕಳಿಸಿ. ದುಡ್ಡು ಸಿಕ್ಕಿಕೊಂಡ ಮೇಲೆ ಕೇಳಿ ಏನು ಬಂತು?

ಉತ್ತರ ಓದೋದೂ ಒಂದು ಕಲೆ. ಒಮ್ಮೆ ಲಂಡನ್ನಿನ ಎರಡು ಹೋಟೆಲಿಗೆ ಒಂದೇ ದಿನ ಬರೆದೆ. ಮೊದಲನೆಯದು ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟಿತು: ಹಲಾಲ್ ಲಭ್ಯ, ನಿಮ್ಮ ಭೇಟಿಗೆ ಕಾಯುತ್ತಿದ್ದೇವೆ, ಮೂರು ಹೂವಿನ ಚಿತ್ರ. ಎರಡನೆಯದು ಮರುದಿನ ಬಂತು, ಬರೆದವನು ಅಡುಗೆಯವನೇ. ನಮ್ಮ ಅಡುಗೆಮನೆ ಹಲಾಲ್ ಅಲ್ಲ, ಮಾಂಸ ಹಲಾಲ್ ಅಂತ ಹೇಳಲಾರೆ, ಮೊಟ್ಟೆಯನ್ನ ಬೇರೆ ಹೊಸ ಬಾಣಲೆಯಲ್ಲಿ ಮಾಡಿಕೊಡುತ್ತೇನೆ, ಎರಡು ರಸ್ತೆ ಆಚೆ ಒಬ್ಬ ಬಾಂಗ್ಲಾದೇಶದವನ ರೆಸ್ಟೋರೆಂಟ್ ಇದೆ ಅಂತ. ನಾನು ಎರಡನೆಯದನ್ನೇ ಬುಕ್ ಮಾಡಿದೆ. ಇಲ್ಲ ಅನ್ನೋದನ್ನ ಇಲ್ಲ ಅಂತ ಹೇಳೋನು, ಇದೆ ಅಂದಾಗ ನಂಬಬಹುದು.

ಇಲ್ಲಿ ಒಂದು ಎಚ್ಚರಿಕೆ. ಕೊಯ್ಯೋ ಮುಂಚೆ ಪ್ರಾಣಿಯ ಪ್ರಜ್ಞೆ ತಪ್ಪಿಸೋದನ್ನ ಕೆಲವು ದೇಶದ ಹಲಾಲ್ ಸಂಸ್ಥೆಗಳು ಒಪ್ಪುತ್ತವೆ, ಕೆಲವು ಒಪ್ಪೋದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1893ರ ಜನಮತದಲ್ಲೇ ಪ್ರಜ್ಞೆ ತಪ್ಪಿಸದೆ ಕೊಯ್ಯೋದನ್ನ ನಿಷೇಧಿಸಿದ್ದಾರೆ. ಹೊರಗಿನಿಂದ ಹಲಾಲ್ ಮಾಂಸ ತರಿಸಿಕೊಳ್ಳಬಹುದು. ಯಾವುದು ತಿನ್ನಬಹುದು ಅಂತ ನಾನು ಹೇಳೋದಿಲ್ಲ, ಅದು ನಿಮ್ಮ ಮೌಲಾನಾರ ಮಾತು. ನಾನು ರೂಮು ಮಾಡಿಕೊಡೋನು.

ಗಂಡಸರು ಊಟದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಅವರು ಪಾಸ್‌ಪೋರ್ಟ್ ಝೆರಾಕ್ಸಿಗೆ ಕೆಳಗಿಳಿದಾಗ ಅಮ್ಮಂದಿರು ಮೆಲ್ಲಗೆ ಕೇಳೋ ಪ್ರಶ್ನೆ ಬೇರೆ: "ಬಾತ್‌ರೂಮಿನ್ಯಾಗ ನೀರಿನ ಪೈಪ್ ಇರ್ತೈತೇನ್ರಿ ಅಣ್ಣಾ?" ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಥೈಲ್ಯಾಂಡ್, ಮಲೇಷ್ಯಾ, ಕೊಲ್ಲಿ ದೇಶಗಳಲ್ಲಿ ಸಾಮಾನ್ಯವಾಗಿ ಇರುತ್ತೆ. ಟರ್ಕಿಯಲ್ಲಿ ಕಮೋಡಿನ ಒಳಗೇ ಸಣ್ಣ ನಳ. ಜಪಾನಿನಲ್ಲಿ ಗುಂಡಿ ಒತ್ತಿದರೆ ನೀರು ಬರುತ್ತೆ. ಇಟಲಿಯಲ್ಲಿ 1975ರ ನಿಯಮದಿಂದ ಮನೆಗಳಲ್ಲಿ ಬಿಡೆ (ಕೂತು ತೊಳೆದುಕೊಳ್ಳೋ ತಗ್ಗು ಬೇಸಿನ್ನು) ಕಡ್ಡಾಯ, ಹೋಟೆಲ್‌ಗಳಲ್ಲೂ ಹೆಚ್ಚಾಗಿ ಸಿಗುತ್ತೆ. ಇಂಗ್ಲೆಂಡು, ಜರ್ಮನಿಯಲ್ಲಿ ಬರೀ ಕಾಗದ. ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದು, ಮಾಡುವಾಗಲೂ ಹುಷಾರು. ಅಲ್ಲಿ ಎಷ್ಟೋ ಬಾತ್‌ರೂಮಿನ ನೆಲಕ್ಕೆ ನೀರು ಹೋಗೋ ಜಾಲರಿಯೇ ಇರೋದಿಲ್ಲ. ನಮ್ಮ ಕಡೆಯ ಒಬ್ಬರು ಬೇಸಿನ್ನಿನಲ್ಲಿ ಕಾಲು ತೊಳೆದು ತೊಳೆದು, ಕೆಳಗಿನ ರೂಮಿನ ಚಾವಣಿ ಒದ್ದೆಯಾಗಿ, ದಂಡ ಕಟ್ಟಿ ಬಂದರು. ಟಬ್ಬಿನೊಳಗೆ ಕೂತು ಕಾಲು ತೊಳೆಯಿರಿ. ಟಬ್ ಇದೆಯಾ ಅಂತ ಅದೇ ಇಮೇಲಿನಲ್ಲಿ ಐದನೇ ಸಾಲಾಗಿ ಕೇಳಿ.

ಇನ್ನು ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡಬೇಕಾದ ಮಕ್ಕಾದ ದಿಕ್ಕು. ಹುಬ್ಬಳ್ಳಿಯಿಂದ ಅದು ಪಶ್ಚಿಮ, ಸ್ವಲ್ಪ ಉತ್ತರಕ್ಕೆ ವಾಲಿದ್ದು. ಥೈಲ್ಯಾಂಡ್, ಮಲೇಷ್ಯಾ, ಸಿಂಗಾಪುರದಲ್ಲೂ ಹೆಚ್ಚು ಕಡಿಮೆ ಹಾಗೇ. ಹೀಗಾಗಿ ಸೂರ್ಯ ಮುಳುಗೋ ಕಡೆ ನಿಂತರೆ ಆಯಿತು ಅಂತ ರೂಢಿಯಾಗಿದೆ. ಸವಣೂರಿನ ಒಬ್ಬ ನಿವೃತ್ತ ಮಾಸ್ತರರು 2019ರಲ್ಲಿ ಇಸ್ತಾಂಬುಲ್‌ಗೆ ಹೋದರು. ಮೂರು ದಿನ ರೂಮಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಮಾಜು ಮಾಡಿದ್ದಾರೆ. ನಾಲ್ಕನೇ ದಿನ ಮಸೀದಿಗೆ ಹೋದರೆ ಸಾಲು ನಿಂತದ್ದು ಬೇರೆ ಕಡೆ. ಇಸ್ತಾಂಬುಲ್‌ನಿಂದ ಮಕ್ಕಾ ಇರೋದು ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ. ರಾತ್ರಿ ಹನ್ನೊಂದಕ್ಕೆ ನನಗೆ ಫೋನು. "ಅಲ್ಲೋ ತಮ್ಮಾ, ಹೋಟೆಲಿನ್ಯಾಗ ಬಾಣ ಹಚ್ಚಿಲ್ಲಲ್ಲೋ!" ಮಲೇಷ್ಯಾ, ಇಂಡೋನೇಷ್ಯಾದ ರೂಮುಗಳಲ್ಲಿ ಚಾವಣಿಗೋ ಮೇಜಿನ ಡ್ರಾಯರಿಗೋ ಕಿಬ್ಲಾ ತೋರಿಸೋ ಬಾಣ ಹಚ್ಚಿರುತ್ತಾರೆ. ಎಲ್ಲ ಕಡೆ ಅದು ಸಿಗೋದಿಲ್ಲ. ಆ ನಮಾಜುಗಳ ಬಗ್ಗೆ ಅವರು ನನ್ನ ಕೇಳಿದರು, ನಾನು ಅಲ್ಲಿನ ಇಮಾಮರನ್ನ ಕೇಳಿ ಅಂದೆ.

ಫೋನಿನ ದಿಕ್ಸೂಚಿಯನ್ನ ಕಬ್ಬಿಣದ ಮಂಚದ ಮೇಲಿಟ್ಟು ನೋಡಬೇಡಿ, ಸುಳ್ಳು ಹೇಳುತ್ತೆ. ಕಿಟಕಿ ಹತ್ತಿರ ಕೈಯಲ್ಲಿ ಹಿಡಿದು ನೋಡಿ. ಇನ್ನೊಂದು ಉಪಾಯ: ಹೊರಡೋ ಮುಂಚೆ ಉಪಗ್ರಹದ ನಕ್ಷೆಯಲ್ಲಿ ಹೋಟೆಲಿನ ಹತ್ತಿರದ ಮಸೀದಿಯ ಕಟ್ಟಡ ಯಾವ ಕಡೆ ತಿರುಗಿದೆ ಅಂತ ನೋಡಿಕೊಳ್ಳಿ. ಮಸೀದಿಗೆ ಎಷ್ಟು ದೂರ ಅನ್ನೋದೂ ಅಲ್ಲೇ ತಿಳಿಯುತ್ತೆ.

ರಂಜಾನಿನಲ್ಲಿ ಪ್ರಯಾಣ ಇದ್ದರೆ ಸೆಹರಿಯ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟದ, ಮಾತೂ ಇಮೇಲಿನಲ್ಲಿ ಬರಲಿ. ಹೋಟೆಲಿನ ನಾಷ್ಟಾ ಶುರುವಾಗೋದು ಆರೂವರೆಗೋ ಏಳಕ್ಕೋ, ಅಷ್ಟು ಹೊತ್ತಿಗೆ ಸೆಹರಿ ಮುಗಿದಿರುತ್ತೆ. ಹಿಂದಿನ ರಾತ್ರಿಯೇ ಡಬ್ಬಿ ಕಟ್ಟಿಕೊಡಿ ಅಂದರೆ ಬಹಳ ಹೋಟೆಲಿನವರು ಕೊಡುತ್ತಾರೆ. ಆ ಡಬ್ಬಿಯಲ್ಲಿ ಏನಿರಬೇಕು ಅಂತಲೂ ಬರೆಯಿರಿ, ಇಲ್ಲಾಂದ್ರೆ ಹಂದಿಮಾಂಸದ ಹ್ಯಾಮ್ ಸ್ಯಾಂಡ್‌ವಿಚ್ ಬಂದೀತು.

ನನ್ನ ಮಾತು ಕೇಳಿದರೆ, ಐದು ಜನಕ್ಕಿಂತ ಜಾಸ್ತಿ ಇದ್ದು ಒಂದೇ ಊರಿನಲ್ಲಿ ನಾಲ್ಕೈದು ದಿನ ಇರೋರು ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿಯಿರಿ. ಹಲಾಲ್ ಅಂಗಡಿಯ ಕೋಳಿ, ನಿಮ್ಮದೇ ಬ್ಯಾಡಗಿ ಖಾರಪುಡಿ. ಪಾತ್ರೆ ಹಿಂದಿನವರು ಏನಕ್ಕೆ ಬಳಸಿದ್ದರೋ, ಅದಕ್ಕೇ ಒಂದು ಸಣ್ಣ ಬೋಗುಣಿ ಜೊತೆಗೆ ಒಯ್ಯೋರು ಇದ್ದಾರೆ. ಯುರೋಪಿಗೆ ಮನೆಯ ಖೀಮಾ ಮಾತ್ರ ಕಟ್ಟಿಕೊಂಡು ಹೋಗಬೇಡಿ. ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಮಾಂಸ ಬಿಡೋದಿಲ್ಲ, ಕಸ್ಟಮ್ಸ್‌ನವರು ಕಸದ ಡಬ್ಬಿಗೆ ಹಾಕುತ್ತಾರೆ. ವಿಮಾನದಲ್ಲಿ ಹಲಾಲ್ ಊಟ ಬೇಕಾದರೆ ಟಿಕೆಟ್ ಮಾಡಿಸುವಾಗಲೇ ಹೇಳಿ. ಮುಸ್ಲಿಂ ಮೀಲ್‌ಗೆ ಎಂಒಎಂಎಲ್ ಅಂತ ಕೋಡ್ ಇದೆ, ಹತ್ತಿದ ಮೇಲೆ ಕೇಳಿದರೆ ಸಿಗೋದು ಕಷ್ಟ.

ಮಾಸ್ತರರು ಮುಂದಿನ ತಿಂಗಳು ಮತ್ತೆ ಹೊರಟಿದ್ದಾರೆ, ಈ ಸಲ ಲಂಡನ್ನಿಗೆ, ಮಗಳ ಮನೆ ಹತ್ತಿರದ ಹೋಟೆಲಿಗೆ. ಅಲ್ಲಿಂದ ಕಿಬ್ಲಾ ಆಗ್ನೇಯಕ್ಕೆ. ವೋಚರಿನ ಹಿಂದೆ ನಾನೇ ಪೆನ್ನಿನಲ್ಲಿ ಬಾಣ ಬರೆದು ಕೊಟ್ಟಿದ್ದೇನೆ. ಅವರ ಹೆಂಡತಿ ಪ್ಲಾಸ್ಟಿಕ್ ಚರಿಗಿಯನ್ನ ಸೂಟ್‌ಕೇಸಿಗೆ ಹಾಕಿದ್ದರು. ತೆಗೆದು ಕೈಚೀಲದಲ್ಲಿ ಇಡಿ ಅಂದೆ. ಸೂಟ್‌ಕೇಸು ಒಂದು ದಿನ ತಡವಾಗಿ ಬಂದರೆ ಬಟ್ಟೆ ಇಲ್ಲದೆ ತಡೆಯಬಹುದು, ಚರಿಗಿ ಇಲ್ಲದೆ ಆಗೋದಿಲ್ಲ.