ಲೇ-ಆಫ್ ಎಂದರೆ ಕೆಲಸ ಹೋಯಿತು ಎಂದಲ್ಲ

ಎಚ್‌ಆರ್ ವೃತ್ತಿಯವರಿಗಾಗಿ ಏರ್ಪಡಿಸಿದ್ದ ಕಾರ್ಮಿಕ ಕಾನೂನು ತರಬೇತಿಯೊಂದರ ಆಹ್ವಾನಪತ್ರ ಕಣ್ಣಿಗೆ ಬಿತ್ತು. ಅದರಲ್ಲೊಂದು ಗೋಷ್ಠಿಯ ವಿಷಯ: ‘ಲೇ-ಆಫ್ ಆದ ನೌಕರರ ಅಂತಿಮ ಲೆಕ್ಕ ಚುಕ್ತಾ ಮಾಡುವ ಬಗೆ’. ಲೇ-ಆಫ್ ಆದವನಿಗೆ ಅಂತಿಮ ಲೆಕ್ಕ ಎಲ್ಲಿಂದ ಬಂತು? ಅವನಿನ್ನೂ ಕೆಲಸದಲ್ಲಿಯೇ ಇದ್ದಾನಲ್ಲ! ಸಾವಿರಾರು ಟೆಕ್ಕಿಗಳು ಲೇ-ಆಫ್ ಆದರು ಎಂದು ಪತ್ರಿಕೆಗಳು ಬರೆದಾಗ ಸುಮ್ಮನಿರಬಹುದು, ಶೀರ್ಷಿಕೆಗೆ ಜಾಗ ಕಡಿಮೆ. ಕಾನೂನು ಕಲಿಸುತ್ತೇವೆಂದು ಶುಲ್ಕ ಪಡೆಯುವವರೂ ಹಾಗೆಯೇ ಬರೆದರೆ ಸುಮ್ಮನಿರುವುದು ಕಷ್ಟ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಮೊದಲು ಈ ಪದದ ವ್ಯಾಖ್ಯೆ ಇರಲಿಲ್ಲ. 1953ರ ತಿದ್ದುಪಡಿಯಲ್ಲಿ ಲೇ-ಆಫ್ ಮತ್ತು ರಿಟ್ರೆಂಚ್‌ಮೆಂಟ್ (ಮಾಲೀಕ ನೌಕರನ ಸೇವೆಯನ್ನೇ ಕೊನೆಗೊಳಿಸುವುದು) ಎರಡೂ ಜೊತೆಯಾಗಿ ಒಳಬಂದವು. ಕಲ್ಲಿದ್ದಲು, ವಿದ್ಯುತ್ತು ಅಥವಾ ಕಚ್ಚಾವಸ್ತುವಿನ ಕೊರತೆ, ದಾಸ್ತಾನು ಗುಡ್ಡೆಬೀಳುವುದು, ಯಂತ್ರ ಕೆಡುವುದು, ಪ್ರಕೃತಿ ವಿಕೋಪ, ಇವಕ್ಕೆ ಸಂಬಂಧಿಸಿದ ಬೇರೆ ಕಾರಣ, ಇವುಗಳಿಂದಾಗಿ ಮಾಲೀಕ ಕೆಲಸ ಕೊಡದಿರುವುದು ಅಥವಾ ಕೊಡಲಾಗದಿರುವುದು ಲೇ-ಆಫ್. ಯಾರಿಗೆ? ಮಸ್ಟರ್ ರೋಲ್‌ನಲ್ಲಿ (ಕಾರ್ಮಿಕರ ಹಾಜರಿ ಪಟ್ಟಿಯಲ್ಲಿ) ಹೆಸರಿರುವ, ರಿಟ್ರೆಂಚ್ ಆಗಿರದ ಕಾರ್ಮಿಕನಿಗೆ. ಈ ಕೊನೆಯ ಷರತ್ತನ್ನು ದಯವಿಟ್ಟು ಇನ್ನೊಮ್ಮೆ ಓದಿ. ರಿಟ್ರೆಂಚ್ ಆದವನು ಲೇ-ಆಫ್ ಆಗಿರಲಾರ ಎಂದು ವ್ಯಾಖ್ಯೆಯೇ ಹೇಳುತ್ತಿರುವಾಗ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಲು ಎಲ್ಲಿದೆ ಅವಕಾಶ?

ಲೇ-ಆಫ್ ಆದ ಕಾರ್ಮಿಕ ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಕಾರ್ಖಾನೆಯಲ್ಲಿ ಹಾಜರಾಗಬೇಕು. ಬಂದು ಎರಡು ಗಂಟೆಯೊಳಗೆ ಕೆಲಸ ಸಿಗದಿದ್ದರೆ ಅಂದಿಗೆ ಲೇ-ಆಫ್. ಒಂದು ವರ್ಷ ಸತತ ಸೇವೆ ಮುಗಿಸಿದ್ದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಿಗುತ್ತದೆ. ಐದು ಮೈಲಿಯೊಳಗೆ ಅದೇ ಮಾಲೀಕ ಕೊಡುವ ಸೂಕ್ತ ಬದಲಿ ಕೆಲಸವನ್ನು ಒಲ್ಲೆನೆಂದರೆ ಆ ಅರ್ಧವೂ ಇಲ್ಲ. ಹನ್ನೆರಡು ತಿಂಗಳಲ್ಲಿ 45 ದಿನ ದಾಟಿದ ಮೇಲೆ ಮಾಲೀಕ ಬೇಕಿದ್ದರೆ ಅವನನ್ನು ರಿಟ್ರೆಂಚ್ ಮಾಡಬಹುದು, ಆಗ ಕೊಟ್ಟ ಲೇ-ಆಫ್ ಪರಿಹಾರವನ್ನು ರಿಟ್ರೆಂಚ್‌ಮೆಂಟ್ ಪರಿಹಾರದಲ್ಲಿ ಮುರಿದುಕೊಳ್ಳಬಹುದು. ಲೇ-ಆಫ್ ಆದವನಿಗೆ ರಿಟ್ರೆಂಚ್‌ಮೆಂಟ್ ಬಂದರೆ ಅದು ಲೇ-ಆಫ್ ಆದ ನಂತರದ ಮಾತು, ಅದೂ ಬರಲೇಬೇಕೆಂದಿಲ್ಲ.

ಪದಗಳ ಹುಟ್ಟು ನೋಡಿದರೂ ವ್ಯತ್ಯಾಸ ಕಾಣುತ್ತದೆ. ರಿಟ್ರೆಂಚ್ ಎಂಬುದರ ಮೂಲ ಫ್ರೆಂಚಿನ ‘ರೆತ್ರಾಂಶೆ’, ಕತ್ತರಿಸಿ ತೆಗೆ ಎಂದರ್ಥ. ನೆಲ ಕತ್ತರಿಸಿ ತೋಡುವ ಕಂದಕಕ್ಕೆ ಟ್ರೆಂಚ್ ಎಂಬ ಹೆಸರು ಬಂದದ್ದೂ ಅದೇ ಬೇರಿನಿಂದ. ಲೇ-ಆಫ್‌ನಲ್ಲಿ ಕತ್ತರಿ ಇಲ್ಲ, ಪಕ್ಕಕ್ಕೆ ಇರಿಸುವುದಷ್ಟೇ ಇದೆ. ಕೆಲಸ ಮಂದವಾದಾಗ ಆಳುಗಳನ್ನು ಕೆಲಕಾಲ ಬಿಟ್ಟಿದ್ದು ಮತ್ತೆ ಕರೆಯುವುದಕ್ಕೆ ಆ ಮಾತು ಹುಟ್ಟಿಕೊಂಡಿತು. ಬ್ರಿಟನ್ನಿನ ಕಾನೂನಿನಲ್ಲಿ ಇಂದಿಗೂ ಅದೇ ಅರ್ಥ, ಕೆಲಸ ಪೂರ್ತಿ ಹೋದರೆ ಅಲ್ಲಿ ರಿಡಂಡೆನ್ಸಿ ಎನ್ನುತ್ತಾರೆ. ಮರಳಿ ಕರೆಯುವ ಮಾತೇ ಇಲ್ಲದ ಬಿಡುಗಡೆಗೂ ಲೇ-ಆಫ್ ಎನ್ನುವ ರೂಢಿ ಬೆಳೆದದ್ದು ಅಮೆರಿಕದಲ್ಲಿ. ಬೆಂಗಳೂರಿನ ಕಚೇರಿಗಳಿಗೆ ಆ ದೇಶದ ಸ್ಲೈಡುಗಳ ಜೊತೆ ಆ ಅರ್ಥವೂ ಬಂದಿಳಿಯಿತು. ನಮ್ಮ ಕಾನೂನಿನ ವ್ಯಾಖ್ಯೆ ಮಾತ್ರ ಬದಲಾಗಲಿಲ್ಲ.

ಇನ್ನು ನಮ್ಮ ‘ವಜಾ’. ಅರಬ್ಬಿಯ ‘ಇಡು, ಇಳಿಸು’ ಎಂಬರ್ಥದ ಧಾತುವಿನಿಂದ ಹೊರಟು, ಪಾರ್ಸಿ, ಹಿಂದುಸ್ತಾನಿಗಳ ಮೂಲಕ ಲೆಕ್ಕಪತ್ರದ ಮಾತಾಗಿ ಬಂದ ಪದವಿದು. ಮೊತ್ತದಲ್ಲಿ ಕಳೆಯುವುದೇ ವಜಾ ಮಾಡುವುದು. ಆ ಲೆಕ್ಕದಲ್ಲಿ ‘ಕಡಿತ’ಕ್ಕೆ ಅದಕ್ಕಿಂತ ಒಪ್ಪುವ ಪದವಿರಲಿಲ್ಲ. ಆದರೆ ಕಚೇರಿಗಳಲ್ಲಿ ವಜಾ ಎಂಬುದು ತಪ್ಪು ಮಾಡಿದವನಿಗೆ ಕೊಡುವ ಶಿಕ್ಷೆಯಾಗಿ ಎಂದೋ ನಿಂತುಬಿಟ್ಟಿದೆ. ಹಾಗಾಗಿ ‘ಕಂಪನಿಯಿಂದ ಐನೂರು ಮಂದಿ ವಜಾ’ ಎಂಬ ಶೀರ್ಷಿಕೆ ಓದಿದಾಗ ಆ ಐನೂರು ಮಂದಿ ಏನು ಕದ್ದರು ಎಂದು ಕೇಳಬೇಕೆನಿಸುತ್ತದೆ. ಶಿಕ್ಷೆಯಾಗಿ ತೆಗೆದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲವೆಂದು ಕಾಯ್ದೆ ಸ್ಪಷ್ಟವಾಗಿಯೇ ಹೇಳುತ್ತದೆ. ಸದ್ಯಕ್ಕೆ ‘ಉದ್ಯೋಗ ಕಡಿತ’ ಎಂದರೆ ಸಾಕು, ಯಾರ ಮೇಲೂ ಕಳಂಕ ಬರುವುದಿಲ್ಲ.

ಬಹಳ ಮಂದಿಗೆ ತಿಳಿದಿರದ ಸಂಗತಿಯೊಂದಿದೆ. ಲೇ-ಆಫ್ ಪರಿಹಾರದ ಈ ಕಲಮುಗಳು ಅನ್ವಯಿಸುವುದು 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ ಮತ್ತು ಪ್ಲಾಂಟೇಶನ್‌ಗಳಿಗೆ ಮಾತ್ರ. ಕಂಪ್ಯೂಟರ್ ಘಟಕ ಇಟ್ಟ ಮಾತ್ರಕ್ಕೆ ಯಾವ ಜಾಗವೂ ಕಾರ್ಖಾನೆಯಾಗುವುದಿಲ್ಲ ಎಂದು ಕಾರ್ಖಾನೆಗಳ ಕಾಯ್ದೆ ಹೇಳಿತ್ತು. ಅಂದರೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಲೇ-ಆಫ್ ಪರಿಹಾರದ ಕಲಮುಗಳು ಅನ್ವಯಿಸುವುದೇ ಇಲ್ಲ! ಕಾಯ್ದೆ ಅನ್ವಯಿಸದ ಕಡೆ ಮಾಲೀಕ ತನ್ನಿಚ್ಛೆಯಂತೆ ಲೇ-ಆಫ್ ಮಾಡಬಹುದೇ? ಫೈರ್‌ಸ್ಟೋನ್ ಟೈರ್ ಕಂಪನಿಯ ಪ್ರಕರಣದಲ್ಲಿ ಈ ಪ್ರಶ್ನೆ ಬಂತು. ಬಾಂಬೆ ಕಾರ್ಖಾನೆಯ ಮುಷ್ಕರದಿಂದ ದೆಹಲಿಯ ವಿತರಣಾ ಕಚೇರಿಗೆ ಸರಕು ಸಾಲದಾಯಿತು, ಅಲ್ಲಿನ ಕೆಲವು ನೌಕರರನ್ನು ಲೇ-ಆಫ್ ಮಾಡಿದರು. ಕರಾರಿನಲ್ಲೋ ಕಾಯ್ದೆಯಲ್ಲೋ ಸ್ಥಾಯೀ ಆದೇಶದಲ್ಲೋ (ಸಂಸ್ಥೆಯ ಸೇವಾ ನಿಯಮಗಳಲ್ಲೋ) ಅಧಿಕಾರವಿಲ್ಲದೆ ಮಾಲೀಕ ಹಾಗೆ ಮಾಡುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ರಿಟ್ರೆಂಚ್‌ಮೆಂಟಿನ ವ್ಯಾಪ್ತಿ ಇದಕ್ಕೆ ತದ್ವಿರುದ್ಧ. ‘ಯಾವುದೇ ಕಾರಣಕ್ಕಾಗಿ’ ಮಾಲೀಕ ಸೇವೆ ಕೊನೆಗೊಳಿಸುವುದು ಎಂದು ವ್ಯಾಖ್ಯೆ ವಿಶಾಲವಾಗಿದೆ. ಮಿಗುತಾಯದ ನೌಕರರನ್ನು ತೆಗೆಯುವುದಷ್ಟೇ ರಿಟ್ರೆಂಚ್‌ಮೆಂಟೋ, ಅಥವಾ ಅಕ್ಷರಶಃ ಯಾವುದೇ ಕಾರಣವೋ ಎಂಬ ಜಗಳ ದಶಕಗಳ ಕಾಲ ನಡೆದು, 1990ರಲ್ಲಿ ಪಂಜಾಬ್ ಭೂ ಅಭಿವೃದ್ಧಿ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡನೆಯ ಅರ್ಥವನ್ನೇ ಎತ್ತಿಹಿಡಿಯಿತು. ಶಿಸ್ತುಕ್ರಮ, ಸ್ವಯಂ ನಿವೃತ್ತಿ, ವಯೋನಿವೃತ್ತಿ, ಕರಾರಿನ ಅವಧಿ ಮುಗಿಯುವುದು ಮೊದಲಾದವು ಹೊರಗೆ. ಉಳಿದದ್ದೆಲ್ಲ ಒಳಗೆ. ವರ್ಷ ತುಂಬಿದವನಿಗೆ ಕಾರಣ ತಿಳಿಸುವ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ, ಸರ್ಕಾರಕ್ಕೆ ಮಾಹಿತಿ. ನೋಟಿಸ್ ಮತ್ತು ಪರಿಹಾರಗಳನ್ನು ಮೊದಲು ಪೂರೈಸದೆ ತೆಗೆದರೆ ಕ್ರಮವೇ ಅಸಿಂಧು ಎಂದು 1960ರಲ್ಲಿಯೇ ತೀರ್ಪು ಬಂದಿದೆ. ಕೊನೆಗೆ ಸೇರಿದವನು ಮೊದಲು ಹೊರಗೆ ಎಂಬ ನಿಯಮವೂ, ಒಂದು ವರ್ಷದೊಳಗೆ ಮತ್ತೆ ನೇಮಕ ಮಾಡುವಾಗ ತೆಗೆದವರಿಗೆ ಆದ್ಯತೆ ಎಂಬ ನಿಯಮವೂ ಬೆನ್ನಿಗಿವೆ. ಪತ್ರದಲ್ಲಿ ಲೇ-ಆಫ್ ಎಂದು ಬರೆದ ಮಾತ್ರಕ್ಕೆ ಇವುಗಳಲ್ಲಿ ಒಂದೂ ತಪ್ಪುವುದಿಲ್ಲ, ನ್ಯಾಯಾಲಯ ನೋಡುವುದು ನಡೆದದ್ದೇನು ಎಂಬುದನ್ನು.

‘ನಮ್ಮವರಿಗೆ ಲಕ್ಷಗಟ್ಟಲೆ ಸಂಬಳ, ಅವರು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ’ ಎಂಬ ವಾದವೂ ತರಬೇತಿಗಳಲ್ಲಿ ಕೇಳಿಬರುತ್ತದೆ. ಸಂಬಳದ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ, ತಾಂತ್ರಿಕ ಕೆಲಸದವರಿಗೆ ಅಲ್ಲ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕೊಡುತ್ತ ಬಂದ ವಿನಾಯಿತಿಯನ್ನೂ ಇಲ್ಲಿ ಎಳೆತರುತ್ತಾರೆ. ಅದು ಸ್ಥಾಯೀ ಆದೇಶಗಳ ಕಾಯ್ದೆಯಿಂದ ಸಿಕ್ಕ ವಿನಾಯಿತಿ. ರಿಟ್ರೆಂಚ್‌ಮೆಂಟ್ ಇದ್ದದ್ದು ಬೇರೆ ಕಾಯ್ದೆಯಲ್ಲಿ. ಮೇಲಾಗಿ, ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಆ ವಿನಾಯಿತಿಯ ಷರತ್ತುಗಳಲ್ಲೊಂದು. ರಾಜೀನಾಮೆ ಬರೆಸಿಕೊಳ್ಳುವ ಚಾಳಿ ಹುಟ್ಟಿದ್ದು ಏಕೆಂದು ಈಗ ಅರ್ಥವಾಗಬಹುದು: ತಾನೇ ಬಿಟ್ಟುಹೋದನೆಂದು ಕಾಗದದಲ್ಲಿದ್ದರೆ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ.

2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಬಂದಿದೆ. ಎಲ್ಲವೂ ಬದಲಾಯಿತು ಎಂದು ಹೇಳಿಕೊಡುವವರು ಈ ಎರಡು ವ್ಯಾಖ್ಯೆಗಳನ್ನು ಓದಿದಂತಿಲ್ಲ, ಅವುಗಳ ತಿರುಳು ಹಾಗೆಯೇ ಇದೆ. ಬದಲಾದದ್ದು ಸರ್ಕಾರದ ಪೂರ್ವಾನುಮತಿ ಕೇಳಬೇಕಾದ ಮಿತಿ. 100 ಕಾರ್ಮಿಕರಿಗಿದ್ದದ್ದು 300ಕ್ಕೆ ಏರಿದೆ. ಮರುಕೌಶಲ ನಿಧಿ ಎಂಬುದು ಹೊಸದು: ತೆಗೆದ ಪ್ರತಿ ಕಾರ್ಮಿಕನ ಲೆಕ್ಕಕ್ಕೆ ಮಾಲೀಕ 15 ದಿನದ ವೇತನದಷ್ಟನ್ನು ಅದಕ್ಕೆ ಕಟ್ಟಬೇಕು, ಆ ಹಣ 45 ದಿನದೊಳಗೆ ಕಾರ್ಮಿಕನ ಖಾತೆಗೆ ಹೋಗಬೇಕು. ಇದು ಸಿಗುವುದು ರಿಟ್ರೆಂಚ್ ಆದವನಿಗೆ. ಲೇ-ಆಫ್ ಆದವನಿಗೆ ಇದರಲ್ಲಿ ಪಾಲಿಲ್ಲ, ಅವನು ನಾಳೆಯೂ ಗೇಟಿನಲ್ಲಿ ಹಾಜರಿ ಹಾಕಬೇಕು.