ಉದ್ದ ಕಾಲಿನ ಉದ್ದ ಎಲ್ಲಿದೆ?

ಸಾಲ್ವಡಾರ್ ಡಾಲಿ 1948ರಲ್ಲಿ ಬರೆದ ‘ಆನೆಗಳು’ ಎಂಬ ಚಿತ್ರದಲ್ಲಿ ಎರಡು ಆನೆಗಳು ಕೆಂಪೇರಿದ ಆಕಾಶದ ಕೆಳಗೆ ಎದುರುಬದುರಾಗಿ ನಡೆದು ಬರುತ್ತವೆ. ಮೈ, ಸೊಂಡಿಲು, ಕಿವಿ ಎಲ್ಲವೂ ಆನೆಯವೇ. ಬೆನ್ನ ಮೇಲೆ ಚೂಪುತುದಿಯ ಕಲ್ಲುಗಂಬಗಳ ಹೊರೆಯೂ ಇದೆ. ಕಾಲುಗಳು ಮಾತ್ರ ಕಡ್ಡಿಯಷ್ಟು ತೆಳ್ಳಗಿದ್ದು, ನಂಬಲಾಗದಷ್ಟು ಉದ್ದವಾಗಿವೆ. ಕಲ್ಲುಗಂಬ ಹೊತ್ತ ಆನೆಯ ಕಲ್ಪನೆ ಡಾಲಿಗೆ ಬಂದದ್ದು ರೋಮ್ ನಗರದ ಮಿನರ್ವಾ ಚೌಕದಿಂದ. ಶಿಲ್ಪಿ ಬರ್ನಿನಿ ರೂಪಿಸಿದ ಅಂಥದೊಂದು ಕಲ್ಲಿನ ಆನೆ 1667ರಿಂದ ಅಲ್ಲಿ ನಿಂತಿದೆ. ಅದರ ಹೊಟ್ಟೆಯ ಕೆಳಗೆ, ಇಳಿಬಿದ್ದ ಜೂಲಿನ ಮರೆಯಲ್ಲಿ, ಒಂದು ಕಲ್ಲಿನ ದಿಮ್ಮಿಯಿದೆ. ಕಂಬದ ಭಾರವೆಲ್ಲ ನಾಲ್ಕು ಕಾಲುಗಳ ಮೇಲೆಯೇ ಬಿದ್ದರೆ ತಡೆಯದು ಎಂದು ಅಲ್ಲಿಯ ಪಾದ್ರಿಯೊಬ್ಬರು ಹಠ ಹಿಡಿದುದರಿಂದ ಸೇರಿದ ದಿಮ್ಮಿ ಅದು. ಬಣ್ಣದಲ್ಲಿ ಕೆಲಸ ಮಾಡುವವನಿಗೆ ಇಲ್ಲದ ಕಟ್ಟುಪಾಡು ಕಲ್ಲಿನಲ್ಲಿ ಕೆಲಸ ಮಾಡುವವನಿಗೆ ಇದೆ, ಎಲುಬಿನಲ್ಲಿ ಕೆಲಸ ಮಾಡುವ ಪ್ರಕೃತಿಗಂತೂ ಇದ್ದೇ ಇದೆ.

ಆ ಕಟ್ಟುಪಾಡನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎರಡು ಎಲುಬುಗಳ ಚಿತ್ರ ಬರೆದೇ ವಿವರಿಸಿದ್ದಾನೆ. ಪ್ರಾಣಿಯೊಂದರ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ಅದರ ತೂಕ 8 ಪಟ್ಟಾಗುತ್ತದೆ. ಕಾಲೆಲುಬಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 4 ಪಟ್ಟಾಗುತ್ತದೆ. ಹೀಗಾಗಿ ಎಲುಬಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಮೊದಲಿಗಿಂತ ಎರಡು ಪಟ್ಟು ಭಾರ ಬೀಳುತ್ತದೆ. ಇದು ಸಾಲದೆಂಬಂತೆ, ತೆಳ್ಳಗಿನ ಉದ್ದ ಕಂಬವು ಜಜ್ಜಿಹೋಗುವುದಕ್ಕೆ ಮೊದಲೇ ಬಾಗಿ ಕುಸಿಯುತ್ತದೆ. ದಪ್ಪ ಅಷ್ಟೇ ಇದ್ದು ಉದ್ದ ಇಮ್ಮಡಿಯಾದರೆ ಕಂಬ ಬಾಗದೆ ಹೊರಬಲ್ಲ ಭಾರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಲೆಕ್ಕ ಹಾಕಿ ತೋರಿಸಿದ. ಡಾಲಿಯ ಆನೆ ಒಂದು ಹೆಜ್ಜೆ ಇಡುವುದಿರಲಿ, ನಿಲ್ಲಲೂ ಆರದು.

ಶ್ರವಣಬೆಳಗೊಳದ ಗೊಮ್ಮಟನನ್ನು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ, ಸುಮಾರು 57 ಅಡಿ ಎತ್ತರದ ಈ ಏಕಶಿಲಾ ಮೂರ್ತಿಗೆ ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲ. ತೊಡೆಯಿಂದ ಕೆಳಗೆ, ಕಾಲುಗಳ ಎರಡೂ ಬದಿಗೆ, ಹುತ್ತಗಳು ಎದ್ದಿವೆ. ತಪಸ್ಸಿನ ಕಥೆಗೆ ಒಪ್ಪುವ ಆ ಹುತ್ತಗಳು ಕಟ್ಟಡದ ಲೆಕ್ಕಕ್ಕೂ ಒಪ್ಪುತ್ತವೆ, ಏಕೆಂದರೆ ಇಡೀ ಮೂರ್ತಿಯ ಭಾರ ಬಂದು ಕೂಡುವ ಅತ್ಯಂತ ಸಪೂರವಾದ ಜಾಗ ಹರಡಿನದು, ಎಂದರೆ ಪಾದದ ಮೇಲಿನ ಗಂಟಿನದು. ಮಂಡಿಯಿಂದ ಕೆಳಗಿನ ಭಾಗ ಉಳಿದ ಮೈಗೆ ಹೋಲಿಸಿದರೆ ತುಸು ಗಿಡ್ಡ ಎಂದು ನೋಡಿದವರು ಹಿಂದಿನಿಂದಲೂ ಬರೆದಿದ್ದಾರೆ; ಕೆಲವರು ಅದನ್ನು ದೋಷವೆಂದೇ ಎಣಿಸಿದ್ದಾರೆ. ಕಲ್ಲಿನ ಬಲದ ದೃಷ್ಟಿಯಿಂದ ನೋಡಿದರೆ ಆ ಗಿಡ್ಡತನ ಲಾಭವೇ ಹೊರತು ನಷ್ಟವಲ್ಲ.

ನಮ್ಮ ಶಿಲ್ಪಶಾಸ್ತ್ರದ ನವತಾಳ ಪ್ರಮಾಣದಲ್ಲಿ ಮೂರ್ತಿಯ ಎತ್ತರ, ಅದು ಎಷ್ಟೇ ಇರಲಿ, 108 ಅಂಗುಲ; ಇಲ್ಲಿ ಅಂಗುಲವೆಂದರೆ ಆ ಎತ್ತರದ 108ನೆಯ ಒಂದು ಪಾಲು. ಮುಖಕ್ಕೆ 12, ಕೊರಳಿಗೆ 4, ಅಲ್ಲಿಂದ ಎದೆ, ಹೊಕ್ಕುಳು, ತೊಡೆಸಂದುಗಳವರೆಗೆ ಮೂರು ಸಲ 12. ಆಮೇಲೆ ತೊಡೆಗೆ 24, ಮಂಡಿಗೆ 4, ಮಂಡಿಯಿಂದ ಹರಡಿನವರೆಗಿನ ಕಣಕಾಲಿಗೆ 24, ಪಾದಕ್ಕೆ 4 ಅಂಗುಲ. ಒಟ್ಟಿನಲ್ಲಿ ಕಾಲಿಗೆ 56 ಅಂಗುಲ, ಎಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ತೊಡೆಗೂ ಕಣಕಾಲಿಗೂ ಸಮಪಾಲು. ಮನುಷ್ಯನ ಮಟ್ಟಿಗೆ ಇದು ಒಪ್ಪುವ ಹಂಚಿಕೆ. ಓಡುವುದಕ್ಕೋ ನೀರಿನಲ್ಲಿ ನಡೆಯುವುದಕ್ಕೋ ಹೆಸರಾದ ಉದ್ದಕಾಲಿನ ಪ್ರಾಣಿಗಳಲ್ಲಿ ಮಾತ್ರ ಈ ಸಮಪಾಲನ್ನು ಹುಡುಕಿದರೂ ಕಾಣುವುದಿಲ್ಲ.

ಇಲ್ಲಿಯೇ ಒಂದು ಹಳೆಯ ತಪ್ಪು ತಿಳಿವಳಿಕೆ ಅಡ್ಡ ಬರುತ್ತದೆ. ಕೊಕ್ಕರೆಯ ಮಂಡಿ ಹಿಂದುಮುಂದಾಗಿ ಮಡಚುತ್ತದೆ ಎಂದು ಓದಿದವರೂ ನಿಸ್ಸಂಕೋಚವಾಗಿ ಹೇಳುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಯನ್ನೋ, ಕೆರೆಯಂಚಿನಲ್ಲಿ ಗುಲಾಬಿ ಬಣ್ಣದ ಸಪೂರ ಕೋಲುಗಳ ಮೇಲೆ ನಿಂತಂತಿರುವ ಮೆಟ್ಟುಗಾಲು ಹಕ್ಕಿಯನ್ನೋ ನೋಡಿದಾಗ ಕಾಲಿನ ನಡುವೆ ಕಾಣುವ ಗಂಟು ಮಂಡಿಯೇ ಅಲ್ಲ, ಅದು ಹರಡು. ನಿಜವಾದ ಮಂಡಿ ಹೊಟ್ಟೆಯ ಪಕ್ಕದ ಗರಿಗಳೊಳಗೆ ಅಡಗಿದ್ದು, ನಮ್ಮ ಮಂಡಿಯ ಹಾಗೆಯೇ ಮಡಚುತ್ತದೆ. ಗಂಟಿನಿಂದ ಕೆಳಗಿರುವ ಉದ್ದನೆಯ ಕೋಲು ನಮ್ಮ ಅಂಗಾಲಿನೊಳಗಿನ ಎಲುಬುಗಳಿಗೆ ಸಮ. ಹಕ್ಕಿಯಲ್ಲಿ ಅವು ಒಂದಕ್ಕೊಂದು ಬೆಸೆದುಕೊಂಡು ಒಂದೇ ಎಲುಬಾಗಿವೆ. ತೊಡೆಯೆಲುಬು ಗಿಡ್ಡ, ಕಣಕಾಲು ಉದ್ದ, ಪಾದವೂ ಉದ್ದ; ನೆಲಕ್ಕೆ ತಾಗುವುದು ಬೆರಳುಗಳು ಮಾತ್ರ. ಕುದುರೆ ಇನ್ನೂ ಮುಂದೆ ಹೋಗಿ ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ಮೇಲೆ, ಉಗುರೇ ಗೊರಸಾಗಿ, ನಿಂತಿದೆ. ಅದರ ಮುಂಗಾಲಿನ ಮಂಡಿ ಎಂದು ನಾವು ಕರೆಯುವುದು ವಾಸ್ತವದಲ್ಲಿ ಮಣಿಕಟ್ಟು.

ಉದ್ದವನ್ನು ಬೆಳೆಸುವುದಾದರೆ ತುದಿಯ ಎಲುಬುಗಳಲ್ಲೇ ಏಕೆ ಬೆಳೆಸಬೇಕು? ಸುತ್ತಿಗೆಯೊಂದನ್ನು ಹಿಡಿಯ ತುದಿಯಲ್ಲಿ ಹಿಡಿದು ಅತ್ತಿತ್ತ ಬೇಗಬೇಗ ಬೀಸಿ ನೋಡಿ. ಆಮೇಲೆ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಹಿಡಿಯನ್ನು ಬೀಸಿ ನೋಡಿ. ತೂಕ ಅದೇ, ಉದ್ದ ಅದೇ, ಆದರೆ ಎರಡನೆಯ ಸಲ ಕೈಗೆ ಆಯಾಸವೇ ಇಲ್ಲ. ತಿರುಗುವ ವಸ್ತುವಿನ ಜಡತೆ ಬರಿಯ ತೂಕದಿಂದಲ್ಲ, ಆ ತೂಕ ತಿರುಗುಬಿಂದುವಿನಿಂದ ಎಷ್ಟು ದೂರವಿದೆ ಎಂಬುದರ ವರ್ಗದಿಂದ ಹೆಚ್ಚುತ್ತದೆ. ಸೊಂಟದಿಂದ 20 ಸೆಂಟಿಮೀಟರು ಕೆಳಗಿರುವ ಒಂದು ಕಿಲೊ ಮಾಂಸವನ್ನು 80 ಸೆಂಟಿಮೀಟರು ಕೆಳಕ್ಕೆ ಇಳಿಸಿದರೆ ಕಾಲು ಬೀಸುವಾಗ ಅದರ ಜಡತೆ 16 ಪಟ್ಟಾಗುತ್ತದೆ. ಆದ್ದರಿಂದಲೇ ಕುದುರೆಯ, ಜಿಂಕೆಯ, ಜಿರಾಫೆಯ ಕಾಲುಗಳಲ್ಲಿ ಮಾಂಸಖಂಡಗಳು ಭುಜ ಮತ್ತು ಸೊಂಟದ ಬಳಿ ಗುಂಪುಗೂಡಿವೆ. ಅಲ್ಲಿಂದ ಕೆಳಕ್ಕೆ ಇಳಿದು ಬರುವುದು ಸ್ನಾಯುರಜ್ಜು. ಈ ರಜ್ಜುಗಳು ಹಗ್ಗವೂ ಹೌದು, ಸ್ಪ್ರಿಂಗೂ ಹೌದು: ಗೊರಸು ನೆಲಕ್ಕೆ ಬಡಿದಾಗ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ, ಮೇಲೇಳುವಾಗ ಅದರಲ್ಲಿ ಶೇಕಡ 90ಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತವೆ. ಲೀಡ್ಸ್ ವಿಶ್ವವಿದ್ಯಾಲಯದ ಮೆಕ್‌ನೀಲ್ ಅಲೆಕ್ಸಾಂಡರ್ ಓಡುವ ಪ್ರಾಣಿಗಳ ರಜ್ಜುಗಳ ಈ ಗುಣವನ್ನು ಅಳೆದು ತೋರಿಸಿದವರಲ್ಲಿ ಮುಖ್ಯರು. ಮಾಂಸವಿಲ್ಲದ, ಎಲುಬು ಮತ್ತು ರಜ್ಜು ಮಾತ್ರ ಉಳಿದ ತುದಿಯನ್ನು ಉದ್ದ ಮಾಡಿದರೆ ಹೆಜ್ಜೆ ದೊಡ್ಡದಾಗುತ್ತದೆ, ತೂಕ ಅಷ್ಟಾಗಿ ಏರುವುದಿಲ್ಲ.

ಈ ವಾದ ಎಷ್ಟು ಸೊಗಸಾಗಿದೆಯೆಂದರೆ ಅದನ್ನು ಎಲ್ಲದಕ್ಕೂ ಅನ್ವಯಿಸುವ ಆಸೆ ಹುಟ್ಟುತ್ತದೆ. ಹಾರ್ವರ್ಡ್‌ನ ರಿಚರ್ಡ್ ಟೇಲರ್ ಮತ್ತು ಸಂಗಡಿಗರು ಚೀತಾ, ಗೆಜೆಲ್ ಎಂಬ ಹುಲ್ಲೆ ಮತ್ತು ಮೇಕೆಗಳನ್ನು ಓಡುಪಟ್ಟಿಯ (ಟ್ರೆಡ್‌ಮಿಲ್) ಮೇಲೆ ಓಡಿಸಿ ಉಸಿರಾಟವನ್ನು ಅಳೆದು 1974ರಲ್ಲಿ ಪ್ರಕಟಿಸಿದ ಫಲಿತಾಂಶ ಆ ಆಸೆಗೆ ತಣ್ಣೀರೆರಚಿತು. ಕಾಲಿನ ಆಕಾರದಲ್ಲಿ ಅಷ್ಟೊಂದು ಭೇದವಿದ್ದರೂ ಓಟಕ್ಕೆ ತಗಲುವ ಶಕ್ತಿಯ ಖರ್ಚು ಮೂರಕ್ಕೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದೇ ವೇಗದಲ್ಲಿ ಓಡುವಾಗ ಶಕ್ತಿ ಹೆಚ್ಚಾಗಿ ವ್ಯಯವಾಗುವುದು ಮೈಯನ್ನು ಎತ್ತಿ ಹಿಡಿಯುವುದಕ್ಕೆ, ಕಾಲನ್ನು ಬೀಸುವುದಕ್ಕಲ್ಲ ಎಂಬುದು ಅದರಿಂದ ಹೊಳೆಯಿತು. ಹಗುರ ತುದಿಯ ಪ್ರಯೋಜನವನ್ನು ಮಿತವ್ಯಯದಲ್ಲಿ ಹುಡುಕುವುದಕ್ಕಿಂತ ಕಾಲನ್ನು ಬೇಗ ಬೀಸಿ ವೇಗ ಗಳಿಸುವುದರಲ್ಲಿ ಹುಡುಕುವುದು ಸರಿ ಎಂದು ನನಗೆ ತೋರುತ್ತದೆ.

ಬೀಸುವ ಕಾಲಿನ ಈ ಗುಟ್ಟು ಚಿತ್ರಕಾರರಿಗೆ ಬಹುಕಾಲ ಕಾಣಿಸಲೇ ಇಲ್ಲ. ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಪಂದ್ಯದ ಚಿತ್ರದಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಪೂರ್ತಿ ಚಾಚಿ ಗಾಳಿಯಲ್ಲಿ ತೇಲುತ್ತವೆ. ಎಡ್ವರ್ಡ್ ಮೈಬ್ರಿಜ್ 1878ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಲೀಲಂಡ್ ಸ್ಟ್ಯಾನ್‌ಫರ್ಡ್ ಅವರ ಕುದುರೆಗಳ ಓಟವನ್ನು 12 ಕ್ಯಾಮೆರಾಗಳ ಸಾಲಿನಲ್ಲಿ ಸೆರೆಹಿಡಿದಾಗ ಆ ಭಂಗಿ ಒಂದರಲ್ಲೂ ಸಿಗಲಿಲ್ಲ. ನಾಲ್ಕೂ ಗೊರಸುಗಳು ನೆಲ ಬಿಟ್ಟಿರುವ ಕ್ಷಣವೇನೋ ಇತ್ತು. ಆದರೆ ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿ ಒಟ್ಟುಗೂಡಿದ್ದವು. ಮುಂದಕ್ಕೆ ತರಬೇಕಾದ ಕಾಲನ್ನು ಮಡಚಿದರೆ ಅದರ ತೂಕ ತಿರುಗುಬಿಂದುವಿನ ಹತ್ತಿರಕ್ಕೆ ಬರುತ್ತದೆ, ಜಡತೆ ಇಳಿಯುತ್ತದೆ. ಉದ್ದ ಕಾಲಿನ ಪ್ರಾಣಿ ಬೇಕೆಂದಾಗ ಗಿಡ್ಡ ಕಾಲಿನದಾಗುತ್ತದೆ. ಚಿತ್ರಕಾರರ ಪರವಾಗಿ ಒಂದು ಮಾತು: ಚೀತಾ ಮತ್ತು ಬೇಟೆನಾಯಿಗಳು ಓಡುವಾಗ ಕಾಲು ಚಾಚಿ ಗಾಳಿಯಲ್ಲಿರುವ ಕ್ಷಣವೂ ನಿಜವಾಗಿಯೂ ಇದೆ. ಅವರು ಬರೆದದ್ದು ಸುಳ್ಳು ಭಂಗಿಯಲ್ಲ, ಬೇರೆ ಪ್ರಾಣಿಯ ಭಂಗಿ.

ಎಳೆದಂತೆ ಉದ್ದವಾದ ದೇಹಗಳನ್ನು ಬರೆದ ಎಲ್ ಗ್ರೆಕೊನ ಕಣ್ಣಿನಲ್ಲೇ ದೋಷವಿತ್ತು ಎಂಬ ವದಂತಿಯನ್ನಂತೂ ಯಾರೂ ಬಿಡುವುದಿಲ್ಲ. ಅವನಿಗೆ ಮನುಷ್ಯರು ಉದ್ದವಾಗಿ ಕಂಡಿದ್ದರೆ ತಾನು ಬರೆಯುತ್ತಿದ್ದ ಕ್ಯಾನ್ವಾಸೂ ಅಷ್ಟೇ ಉದ್ದವಾಗಿ ಕಾಣಬೇಕಿತ್ತು. ಎರಡು ತಪ್ಪುಗಳೂ ಒಂದನ್ನೊಂದು ಕಳೆದು ಚಿತ್ರ ಸರಿಯಾದ ಅಳತೆಗೇ ಬರುತ್ತಿತ್ತು. ಉದ್ದ ಕಾಲುಗಳು ಅವನ ಆಯ್ಕೆ.

ಕ್ಯಾಮೆರಾ ಉದ್ದ ಮಾಡುವ ಬಗೆ ಬೇರೆ, ಅದರಲ್ಲಿ ಎರಡು ಪ್ರತ್ಯೇಕ ಸಂಗತಿಗಳು ಬೆರೆತಿವೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುವುದರಿಂದ, ಮೊಣಕಾಲಿನ ಮಟ್ಟದಲ್ಲಿ ಹತ್ತಿರ ಹಿಡಿದ ಕ್ಯಾಮೆರಾ ಕಾಲನ್ನು ಹಿಗ್ಗಿಸಿ ತಲೆಯನ್ನು ಕುಗ್ಗಿಸುತ್ತದೆ. ಇದು ದೂರದ ಫಲ, ಲೆನ್ಸಿನದಲ್ಲ. ಎರಡನೆಯದು ಅಗಲನೋಟದ ಲೆನ್ಸಿನದು. ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ಇಂಥ ಲೆನ್ಸು ಚಿತ್ರದ ಅಂಚಿನ ವಸ್ತುಗಳನ್ನು ನಡುವಿನಿಂದ ಹೊರಕ್ಕೆ ಎಳೆಯುತ್ತದೆ. ನೋಟದ ನಡುಗೆರೆಯಿಂದ 35 ಡಿಗ್ರಿ ಆಚೆಗಿರುವ ಪಾದ ನಡುವಿನಲ್ಲಿರುವಾಗ ಮೂಡುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಉದ್ದವಾಗಿ ಮೂಡುತ್ತದೆ. ಮೊಬೈಲ್ ಫೋನನ್ನು ಉದ್ದುದ್ದ ಹಿಡಿದು, ಪಾದಗಳನ್ನು ಚೌಕಟ್ಟಿನ ಕೆಳ ಅಂಚಿಗೆ ತಂದು ತೆಗೆದ ಚಿತ್ರದಲ್ಲಿ ಕಾಲಿಗೆ ಸಿಗುವ ಪುಕ್ಕಟೆ ಉದ್ದ ಇದರದ್ದೇ.

ದೂರವನ್ನು ಅಳೆದುಕೊಂಡು ತೆಗೆದರೆ ಅದೇ ಕ್ಯಾಮೆರಾ ಅಳತೆಗೋಲಾಗುತ್ತದೆ. ಉಗಾಂಡಾದ ಮರ್ಚಿಸನ್ ಜಲಪಾತ ರಾಷ್ಟ್ರೀಯ ಉದ್ಯಾನದಲ್ಲಿ ಮತ್ತು ನಮೀಬಿಯಾದ ಒಂದು ಖಾಸಗಿ ಜಮೀನಿನಲ್ಲಿ ಕಂಡ ಎರಡು ಗಿಡ್ಡ ಜಿರಾಫೆಗಳನ್ನು ಸಂಶೋಧಕರು ಮುಟ್ಟದೆಯೇ, ಛಾಯಾಚಿತ್ರಗಳಿಂದಲೇ ಅಳೆದು 2020ರ ಕೊನೆಯಲ್ಲಿ ವಿವರ ಪ್ರಕಟಿಸಿದರು. ಸಾಮಾನ್ಯ ಜಿರಾಫೆ ನಾಲ್ಕೂವರೆ ಮೀಟರು ದಾಟುವಲ್ಲಿ ಇವುಗಳ ಎತ್ತರ ಸುಮಾರು 2.8 ಮತ್ತು 2.6 ಮೀಟರು. ಕೊರಳು ಜಿರಾಫೆಯದೇ, ಮುಂಡವೂ ಜಿರಾಫೆಯದೇ. ಮುಂಗಾಲಿನಲ್ಲಿ ಎದ್ದುಕಂಡ ಗಿಡ್ಡತನ ಮೊಳಕೈಯಿಂದ ಮಣಿಕಟ್ಟಿನವರೆಗಿನ ಎಲುಬಿನಲ್ಲಿತ್ತು, ಅದರ ಕೆಳಗೆ ನಮ್ಮ ಅಂಗೈಯ ಎಲುಬುಗಳಿಗೆ ಸಮನಾದ ಕೋಲಿನಲ್ಲಿತ್ತು.